ಕೈ ನಂದು, ಮಾತು ಅವರದು

ನಿಜ ಹೇಳಿಬಿಡ್ತೀನಿ, ನಾನು ಹೋಗಿದ್ದು ಪಾಯಿಂಟ್ಸ್‌ಗೋಸ್ಕರ. ಡಿಗ್ರಿ ಕೈಗೆ ಬರಬೇಕಂದ್ರೆ ನಾಲ್ಕು ವರ್ಷದಲ್ಲಿ 100 ಆಕ್ಟಿವಿಟಿ ಪಾಯಿಂಟ್ಸ್ ಆಗಬೇಕು ಅನ್ನೋದು ನಿಮಗೂ ಗೊತ್ತು. ಗಿಡ ನೆಟ್ಟು ಫೋಟೋ ತೆಗೆಸಿಕೊಂಡಾಗಿತ್ತು, ಸ್ವಚ್ಛತಾ ಅಭಿಯಾನದಲ್ಲಿ ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡಾಗಿತ್ತು. ಆಗ ಸೀನಿಯರ್ ಅಕ್ಕ ಒಬ್ಬರು ಗ್ರೂಪಿನಲ್ಲಿ ಮೆಸೇಜ್ ಹಾಕಿದ್ರು: ‘ಭಾನುವಾರ ಕನ್ನಡ ಬರೆಯೋಕೆ ಬರೋರು ಬೇಕು. ಊಟ ಇದೆ.’ ನಾನು ಎರಡನೇ ವಾಕ್ಯ ನೋಡಿ ಹೆಸರು ಕೊಟ್ಟೆ.

ಕನ್ನಡ ಬರೆಯೋಕೆ ಬರುತ್ತಾ? ಎಲ್‌ಕೆಜಿಯಿಂದ ಪಿಯುಸಿ ತನಕ ನಂದು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಬಳ್ಳಾರಿ ಕನ್ನಡ, ಓಣಿಯಲ್ಲಿ ಅರ್ಧ ತೆಲುಗು. ಬರೆಯೋ ಕನ್ನಡ ಅಂದ್ರೆ ಪರೀಕ್ಷೆಯ ಪ್ರಬಂಧ ಮಾತ್ರ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಅದೇ ಅಸಲಿ ಕನ್ನಡ, ಮನೆಯಲ್ಲಿ ಆಡೋದು ಬರೀ ಮಾತು ಅಂತ ನಂಬಿದ್ದೆ. ಈ ನಂಬಿಕೆಯಿಂದಲೇ ಮುಂದೆ ಪೆಟ್ಟು ತಿಂದೆ.

ಅದೊಂದು ಸಣ್ಣ ಬಳಗ. ಬೋರ್ಡ್ ಇಲ್ಲ, ಆಫೀಸ್ ಇಲ್ಲ. ತಿಂಗಳ ಒಂದು ಭಾನುವಾರ ಬಳ್ಳಾರಿ, ಒಂದು ಭಾನುವಾರ ಕುರುಗೋಡು, ಒಂದು ಭಾನುವಾರ ಸಿರುಗುಪ್ಪ. ಯಾವುದಾದರೂ ಶಾಲೆಯ ಒಂದು ರೂಮು ಕೇಳಿ ತಗೊಂಡು, ಕಥೆನೋ ಕವಿತೆನೋ ತಮ್ಮ ಜೀವನನೋ ಬರೀಬೇಕು ಅನ್ನೋರು ಕೂಡುತ್ತಾರೆ. ಕಣ್ಣು ಕಾಣದವರು, ಕಿವಿ ಕೇಳದವರು, ಲಕ್ವ ಹೊಡೆದು ಕೈ ನಡುಗೋರು, ಶಾಲೆಯ ಮುಖ ನೋಡದವರು. ಯಾರಿಗೆ ಬರೆಯೋಕೆ ಆಗಲ್ವೋ ಅವರ ಪಕ್ಕ ನಮ್ಮಂಥವರು ಕೂತು ಬರೀಬೇಕು. ನಮಗೆ ಅಲ್ಲಿ ಇರೋ ಹೆಸರು ‘ಕೈ’. “ಇವತ್ತು ನೀನು ಯಾರ ಕೈ?” ಅಂತ ಕೇಳ್ತಾರೆ. ಮೊದಲ ದಿನವೇ ಮೂರು ನಿಯಮ ಹೇಳಿದ್ರು: ಹೇಳಿದ್ದನ್ನು ಬರಿ, ಬರೆದದ್ದನ್ನು ಓದಿ ಹೇಳು, ಅನುಮಾನ ಬಂದರೆ ಕೇಳು. ಇಷ್ಟೇನಾ ಅನ್ನಿಸ್ತು.

ಮೊದಲು ನಾನು ಕೈ ಆಗಿದ್ದು ಕೌಲ್ ಬಜಾರ್ ಕಡೆಯ ಒಬ್ಬ ಅಕ್ಕನಿಗೆ. ಜೀನ್ಸ್ ಹೊಲಿಯೋ ಕೆಲಸ. ಬಳ್ಳಾರಿ ಜೀನ್ಸ್ ಎಲ್ಲೆಲ್ಲಿಗೋ ಹೋಗುತ್ತೆ ಅಂತ ನಾವು ಹೆಮ್ಮೆ ಪಡ್ತೀವಲ್ಲ, ಅದರ ಜೇಬು ಹೊಲಿಯೋರು ಇವರು. ಪೀಸಿನ ಲೆಕ್ಕದಲ್ಲಿ ಕೂಲಿ. ಬಂದು ಅರ್ಧ ಗಂಟೆ ಆದ್ರೂ ಬಾಯಿ ಬಿಡಲಿಲ್ಲ. “ನನಗ ಅಕ್ಷರ ಬರಂಗಿಲ್ಲ ತಮ್ಮಾ, ನಾನೇನು ಕಥಿ ಹೇಳ್ಲಿ?” ಅಂದ್ರು. ಆಗ ಬಳಗ ನಡೆಸೋ ಮೇಡಂ ಅಲ್ಲೇ ನಿಂತು ಒಂದೇ ಮಾತು ಕೇಳಿದ್ರು: “ದರೋಜಿ ಈರಮ್ಮನಿಗೆ ಅಕ್ಷರ ಬರ್ತಿತ್ತೇನು?”

ನನಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಇದೇ ಜಿಲ್ಲೆಯಲ್ಲಿದ್ದೀನಿ, ಸಂಡೂರು ತಾಲ್ಲೂಕಿನ ದರೋಜಿ ಅಂದ್ರೆ ನನಗೆ ಕರಡಿಧಾಮ ಮಾತ್ರ. ಬುರ್ರಕಥಾ ಈರಮ್ಮ ಅದೇ ಊರಿನವರು. ಓದು ಬರಹ ಕಲಿತವರಲ್ಲ. ಆದ್ರೆ ಕುಮಾರರಾಮನ ಕಥೆಯಂಥ ದೊಡ್ಡ ದೊಡ್ಡ ಕಾವ್ಯಗಳನ್ನು ನೆನಪಿನಿಂದಲೇ ರಾತ್ರಿಯಿಡೀ ಹಾಡ್ತಿದ್ದರು. ವಿದ್ವಾಂಸರು ಅವರ ಎದುರು ಕೂತು ಕೇಳಿ ಬರೆದುಕೊಂಡು ಪುಸ್ತಕ ಮಾಡಿದ್ರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅಂದ್ರೆ ನಮ್ಮ ಜಿಲ್ಲೆಯ ಬಲು ದೊಡ್ಡ ಕವಿಯೊಬ್ಬರಿಗೂ ‘ಕೈ’ಗಳು ಬೇಕಾಗಿದ್ವು. ಆ ಕೈಗಳ ಹೆಸರು ನನಗೆ ಗೊತ್ತಿಲ್ಲ. ಗೊತ್ತಿರೋದು ಈರಮ್ಮನ ಹೆಸರು. ಹಾಗೇ ಇರಬೇಕು ಅಂತ ಈಗ ಅನ್ನಿಸುತ್ತೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರ್ಕೋ” ಅಂದ್ರು. “ಇಷ್ಟು ವರ್ಷ ಊರ ಮಂದಿಗೆಲ್ಲ ಜೇಬು ಹೊಲ್ದೀನಿ. ನನ್ನ ಸೀರಿಗೆ ಜೇಬಿಲ್ಲ. ರೊಕ್ಕ ಸೆರಗಿಗೆ ಗಂಟು ಹಾಕ್ತೀನಿ. ಗಂಟು ಬಿಚ್ಚೋರು ಬ್ಯಾರೆ ಅದಾರ.” ಅವತ್ತು ಅಷ್ಟೇ ಹೇಳಿದ್ದು. ನಾನು ಓದಿ ಹೇಳಿದೆ. “ಹೌದು, ಹಂಗ ಅಂದೆ” ಅಂತ ಎದ್ದು ಹೋದ್ರು. ಸುಲಭ ಇದೆ ಅನ್ಕೊಂಡೆ.

ಕೆಲಸ ಕಷ್ಟ ಅಂತ ಗೊತ್ತಾಗಿದ್ದು ಸಿರುಗುಪ್ಪದಲ್ಲಿ. ಅಲ್ಲಿ ನನ್ನ ಪಾಲಿಗೆ ಬಂದವರು ಬಿ.ಎ. ಓದ್ತಿರೋ ಒಬ್ಬ ಅಣ್ಣ. ಹುಟ್ಟಿನಿಂದ ಕಣ್ಣು ಕಾಣಲ್ಲ. ಊರು ಹೊಳೆದಂಡೆಯಲ್ಲಿ, ಮನೆಯವರು ನೆಲ್ಲು ಬೆಳೀತಾರೆ. ಕನ್ನಡ ಪುಸ್ತಕಗಳನ್ನು ನನಗಿಂತ ಹತ್ತು ಪಟ್ಟು ಓದಿದ್ದಾರೆ, ಬ್ರೈಲಿನಲ್ಲಿ ಮತ್ತು ಕಿವಿಯಲ್ಲಿ. ಬಸ್ಸಿಗೆ ಕಾಯುವಾಗ ಒಮ್ಮೆ ಬ್ರೈಲ್ ಹೇಳಿಕೊಟ್ರು. ಆರು ಚುಕ್ಕೆಯಲ್ಲೇ ಇಡೀ ಕನ್ನಡ. ಅದರಲ್ಲಿ ಒತ್ತಕ್ಷರ ಕೆಳಗೆ ಬರೋದೇ ಇಲ್ಲ, ಮುಂದೆ ಒಂದು ಚುಕ್ಕೆ ಇಟ್ಟು ಎರಡು ಅಕ್ಷರ ಸಾಲಾಗಿ ಬರೀತಾರೆ. ಒತ್ತಕ್ಷರದಲ್ಲೇ ಮಾರ್ಕ್ಸ್ ಕಳ್ಕೊಂಡ ನನಗೆ ಹೊಟ್ಟೆ ಉರೀತು.

ಅವರು ಬರೀಬೇಕು ಅಂದಿದ್ದು 2024ರ ಆಗಸ್ಟ್ ಬಗ್ಗೆ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯ್ತಲ್ಲ, ಆಗಿನ ದಿನಗಳ ಕಥೆ. ಅವರು ಹೇಳಿದ್ದು ಹೀಗೆ:

“ಹೊಳಿ ಸಪ್ಪಳ ಬ್ಯಾರೆ ಆತು. ದಿನಾ ದನ ಮೆಲುಕು ಹಾಕಿದಂಗ ಇರ್ತಿತ್ತು. ಅವತ್ತು ದನ ಹಗ್ಗ ಹರ್ಕೊಂಡಂಗ ಆತು. ಅವ್ವ ದಂಡಿಗೆ ಹೋಗಿ ನಿಂತು ಅತ್ಲು. ಹೊಳಿ ತುಂಬೇತಿ, ನಮ್ಮ ಹೊಲ ಒಣಗ್ತೈತಿ ಅಂತ ಅತ್ಲು.”

ನಾನು ಮನೆಗೆ ಹೋಗಿ ‘ನೀಟ್’ ಮಾಡಿದೆ. ಮುಂದಿನ ತಿಂಗಳು ಓದಿ ಹೇಳಿದ್ದು ಹೀಗಿತ್ತು: “ತುಂಗಭದ್ರಾ ಜಲಾಶಯದ ಕ್ರಸ್ಟ್ ಗೇಟ್ ಕೊಚ್ಚಿಹೋದ ಪರಿಣಾಮ ನದಿಪಾತ್ರದಲ್ಲಿ ಪ್ರವಾಹದ ಭೀತಿ ಎದುರಾಯಿತು. ನನ್ನ ತಾಯಿಯವರು ತೀವ್ರ ಆತಂಕಗೊಂಡರು.” ಕೊನೆಯ ವಾಕ್ಯ ತೆಗೆದೇ ಹಾಕಿದ್ದೆ. ಹೊಳೆ ತುಂಬಿದ್ರೆ ಹೊಲ ಮುಳುಗಬೇಕು, ಒಣಗೋದು ಹೇಗೆ? ಲಾಜಿಕ್ ಇಲ್ಲ ಅನ್ನಿಸಿತ್ತು.

ಅಣ್ಣ ಪೂರ್ತಿ ಕೇಳಿದ್ರು. ಆಮೇಲೆ ನಿಧಾನವಾಗಿ ಕೇಳಿದ್ರು: “ತಮ್ಮಾ, ಇದು ಯಾವ ಪೇಪರಿನ್ಯಾಗ ಬಂದಿತ್ತು?”

ನಾನು ಗ್ರಾಮರ್ ಸರಿ ಮಾಡಿದೆ ಅಂತ ಏನೋ ಹೇಳಿದೆ. ಅವರು ನಕ್ಕರು. ನಗು ಖುಷಿದಾಗಿರಲಿಲ್ಲ. “ನೋಡು, ನಾನು ಪರೀಕ್ಷೆ ಬರಿಯೋ ಮುಂದ ಸ್ಕ್ರೈಬ್ ಕೂಡ್ತಾರ. ನಾವೇ ಕರ್ಕೊಂಡು ಹೋದ್ರ ಅವರು ನಮಗಿಂತ ಒಂದು ಮೆಟ್ಟಿಲು ಕಮ್ಮಿ ಓದಿರಬೇಕು ಅಂತ 2018ರ ರೂಲ್ಸ್‌ನ್ಯಾಗ ಬರ್ದಿದ್ರು. ಯಾಕ? ಅವರು ತಮ್ಮ ತಲಿ ಓಡಿಸಬಾರದು ಅಂತ. ಅಲ್ಲಿ ಸ್ಕ್ರೈಬ್ ಒಂದು ಪದ ಸೇರಿಸಿದ್ರ ಕಾಪಿ ಅಂತಾರ. ನೀನು ಇಲ್ಲಿ ಪೂರ್ತಿ ನಿಂದೇ ಬರ್ದಿ. ಇದಕ್ಕೇನಂತಾರ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಆ ಬಿಟ್ಟ ವಾಕ್ಯದ ಬಗ್ಗೆ ಅವರೇ ಬಿಡಿಸಿ ಹೇಳಿದ್ರು. ಸಿರುಗುಪ್ಪ ಕಡೆಯ ಗದ್ದೆಗೆ ನೀರು ಬರೋದು ಡ್ಯಾಮಿನಿಂದ ಹೊರಟ ಕಾಲುವೆಯಲ್ಲಿ. ಗೇಟು ಹೋಗಿ ಡ್ಯಾಮಿನ ನೀರೆಲ್ಲ ಹೊಳೆಗೆ ಬಿದ್ರೆ, ಹೊಳೆ ಕಣ್ಣ ಮುಂದೆ ತುಂಬಿ ಹರಿಯುತ್ತೆ, ಕಾಲುವೆಗೆ ಮುಂದೆ ಏನೂ ಉಳಿಯಲ್ಲ. ಆಗಷ್ಟೇ ನೆಲ್ಲು ಹಚ್ಚಿದ್ರು, ಸಾಲ ಮಾಡಿದ್ರು. ಪುಣ್ಯಕ್ಕೆ ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದ್ರು, ಮಳೆಯೂ ಬಂತು. ಆದ್ರೆ ಆ ವಾರ ಹೊಳೆದಂಡೆಯ ಮನೆಮನೆಯಲ್ಲೂ ಇದೇ ದುಃಖ: ಎದುರಿಗೆ ಹರೀತಿರೋದು ನಮ್ಮದೇ ನೀರು, ಹೊಲಕ್ಕೆ ಮಾತ್ರ ಅದು ಸಿಗಲ್ಲ. ನಾನು ಲಾಜಿಕ್ ಇಲ್ಲ ಅಂತ ಅಳಿಸಿದ್ದು ಆ ಇಡೀ ಕಥೆಯ ಜೀವವನ್ನೇ. ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕ ಹಿಡ್ಕೊಂಡು ಓಡಾಡೋನು ನಾನು. ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಅವರ ಅವ್ವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಅವತ್ತೇ ಪೂರ್ತಿ ಹೊಸದಾಗಿ ಬರೆದೆ, ಅವರು ಹೇಳಿದ ಹಾಗೆ. ‘ಆತು’ ಅಂದಲ್ಲಿ ‘ಆತು’, ‘ಅತ್ಲು’ ಅಂದಲ್ಲಿ ‘ಅತ್ಲು’. ನಮ್ಮನೆಯಲ್ಲೂ ಇದೇ ಮಾತು. ಅದನ್ನು ಕಾಗದದ ಮೇಲೆ ನಾನು ಬರೆದದ್ದು ಅದೇ ಮೊದಲು.

ಸರಿ, ಪಾಠ ಕಲಿತೆ, ಇನ್ನು ಯಾರ ಮಾತನ್ನೂ ಮುಟ್ಟಲ್ಲ ಅಂತ ತೀರ್ಮಾನ ಮಾಡಿ ಕುರುಗೋಡಿಗೆ ಹೋದೆ. ಅಲ್ಲಿ ಈ ತೀರ್ಮಾನವೂ ಉಲ್ಟಾ ಹೊಡೀತು.

ಅಲ್ಲಿ ಸಿಕ್ಕಿದ್ದು ಹದಿನಾರು ವರ್ಷದ ಒಬ್ಬ ಹುಡುಗಿ. ಕಿವಿ ಕೇಳಲ್ಲ, ಮಾತಾಡೋದು ಸೈನ್ ಭಾಷೆಯಲ್ಲಿ. ಜೊತೆಗೆ ಅವಳ ಟೀಚರ್ ಇದ್ದರು. ದೊಡ್ಡಬಸವೇಶ್ವರ ತೇರಿನ ದಿನದ ಬಗ್ಗೆ ಅವಳೇ ಬರೆದು ತಂದಿದ್ದಳು: “ನಾನು ಗುಡಿ ಹೋಗು. ಜನ ಗಂಟೆ ಬಾರಿಸು. ನಾನು ಕಂಬ ಕೈ ಇಡು. ಗಂಟೆ ಗೊತ್ತು.”

ಓದಿ ಮೈ ಜುಮ್ ಅಂತು. ಗಂಟೆ ಅವಳಿಗೆ ಕೇಳಿದ್ದು ಅಂಗೈಯಲ್ಲಿ. ಒಂದಕ್ಷರ ಮುಟ್ಟಬಾರದು, ಹೀಗೇ ಹಾಕೋಣ ಅಂದೆ. ಟೀಚರ್ ಅದನ್ನು ಕೈಯಲ್ಲಿ ಹೇಳಿದ್ರು. ಹುಡುಗಿಯ ಮುಖ ಕೆಂಪಾಯ್ತು. ಜೋರಾಗಿ ಏನೋ ಕೈ ಆಡಿಸಿದಳು. ಟೀಚರ್ ಹೇಳಿದ್ರು: “ತಪ್ಪು ಇದ್ರೆ ಜನ ನಗ್ತಾರೆ. ನಿಮ್ಮ ಹೆಸರಿನ ಕೆಳಗೆ ತಪ್ಪು ಇದ್ರೆ ಬಿಡ್ತೀರಾ ಅಂತ ಕೇಳ್ತಿದ್ದಾಳೆ.”

ಆಮೇಲೆ ಟೀಚರ್ ವಿವರಿಸಿದ್ರು. ಸೈನ್ ಭಾಷೆಗೆ ಅದರದ್ದೇ ವ್ಯಾಕರಣ ಇದೆ. ನಮ್ಮ ಹಾಗೆ ಪದದ ಬಾಲಕ್ಕೆ ‘ಗೆ’, ‘ಇಂದ’, ‘ಅಲ್ಲಿ’ ಅಂಟಿಸಲ್ಲ, ಅದನ್ನೆಲ್ಲ ಕೈ ಯಾವ ಜಾಗದಲ್ಲಿ ಓಡುತ್ತೆ ಅನ್ನೋದೇ ಹೇಳುತ್ತೆ. ಹಾಗಾಗಿ ಕನ್ನಡ ಅವಳಿಗೆ ಎರಡನೇ ಭಾಷೆ. ನನಗೆ ಇಂಗ್ಲಿಷ್ ಇದ್ದ ಹಾಗೆ. ನನ್ನ ಇಂಗ್ಲಿಷ್ ರೆಸ್ಯೂಮೆಯಲ್ಲಿ ಗ್ರಾಮರ್ ತಪ್ಪಿದ್ದು, ಯಾರೋ ‘ಅಯ್ಯೋ ಎಷ್ಟು ಮುದ್ದಾಗಿದೆ, ಹೀಗೇ ಇರಲಿ’ ಅಂದ್ರೆ ನನಗೆ ಹೇಗಾಗುತ್ತೆ?

ಇಬ್ಬರೂ ಕೂತು ತಿದ್ದಿದ್ವಿ. “ಗುಡಿಗೆ ಹೋದೆ. ಜನ ಗಂಟೆ ಬಾರಿಸಿದರು. ಕಂಬದ ಮೇಲೆ ಕೈ ಇಟ್ಟೆ.” ಪ್ರತಿ ‘ಗೆ’ಗೂ ‘ದ’ಗೂ ಅವಳು ತಲೆ ಆಡಿಸಿದ ಮೇಲೆ ಮುಂದಕ್ಕೆ. ಕೊನೆಗೆ ನಾನು ‘ಗಂಟೆಯ ಕಂಪನ ಗೊತ್ತಾಯಿತು’ ಅಂತ ಬರೆದೆ. ಅವಳು ಪೆನ್ನು ಕಸಿದು ‘ಕಂಪನ’ಕ್ಕೆ ಗೀಟು ಎಳೆದಳು. ಗಂಟೆಯೇ ಗೊತ್ತಾಯಿತು. ಅಷ್ಟೇ.

ಒಬ್ಬರಿಗೆ ತಿದ್ದಿದ್ದು ಅವಮಾನ, ಇನ್ನೊಬ್ಬರಿಗೆ ತಿದ್ದದೆ ಬಿಟ್ಟಿದ್ದು ಅವಮಾನ. ಎರಡು ಸಲವೂ ನಾನು ಮಾಡಿದ ತಪ್ಪು ಒಂದೇ: ಕೇಳಲಿಲ್ಲ. ಮೂರನೇ ನಿಯಮ ಮೊದಲ ದಿನವೇ ಹೇಳಿದ್ರು. ‘ಇಷ್ಟೇನಾ’ ಅಂದಿದ್ದೆ.

ವರ್ಷದ ಕೊನೆಗೆ ಎಲ್ಲರ ಬರಹ ಸೇರಿಸಿ ಒಂದು ಪುಟ್ಟ ಪುಸ್ತಕ ಮಾಡಿದ್ವಿ. ಡಿಟಿಪಿಯಿಂದ ಫೈಲ್ ಬಂತು, ಎಲ್ಲರಿಗೂ ಕಳಿಸಿದೆ. ಅಣ್ಣನ ಫೋನ್ ಬಂತು. “ನನ್ನ ಕಥಿ ಓದು ಅಂದ್ರ ಫೋನು ಯಾವುದೋ ಮಂತ್ರ ಹೇಳ್ತೈತಿ.” ಫೈಲ್ ಹಳೆಯ ಆಸ್ಕಿ ಫಾಂಟಿನಲ್ಲಿತ್ತು. ಅದರೊಳಗೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕೋಡ್. ಮೇಲೆ ಕನ್ನಡದ ಚಿತ್ರ ಕೂರಿಸಿರ್ತಾರೆ, ಅಷ್ಟೇ. ನಮ್ಮ ಕಣ್ಣಿಗೆ ಕನ್ನಡ, ಟಾಕ್‌ಬ್ಯಾಕ್‌ಗೆ ಕಸ. ಯುನಿಕೋಡಿನಲ್ಲಿ ಕನ್ನಡಕ್ಕೇ ಅಂತ 128 ಜಾಗ ಮೀಸಲಿದೆ. ಹಾಗೆ ಬರೆದರೆ ಮಾತ್ರ ಸ್ಕ್ರೀನ್ ರೀಡರ್ ಓದುತ್ತೆ. ನಾನು, ನನ್ನ ರೂಮ್‌ಮೇಟ್ ಎರಡು ರಾತ್ರಿ ಕೂತು ಪೈಥಾನ್‌ನಲ್ಲಿ ಬದಲಾಯಿಸಿದ್ವಿ. ಅರ್ಕಾವತ್ತು ಜೀವ ತಿಂತು. ಹಳೆ ಫಾಂಟಿನಲ್ಲಿ ಅದು ಅಕ್ಷರದ ಹಿಂದೆ ಕೂರುತ್ತೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಇಡೀ ಎರಡನೇ ವರ್ಷದಲ್ಲಿ ನಾನು ಬರೆದ ಉಪಯೋಗದ ಕೋಡ್ ಅದೊಂದೇ.

ಹಾಗಾಗಿ ನಮ್ಮ ಸಂಘಕ್ಕೊಂದು ಮನವಿ. ನಾವು ಕವಿತೆಗಳನ್ನೆಲ್ಲ ಬಣ್ಣದ ಹಿನ್ನೆಲೆ ಹಾಕಿ ಚಿತ್ರ ಮಾಡಿ ಹಾಕ್ತೀವಿ. ನೋಡೋಕೆ ಚೆಂದ. ಕೆಳಗೆ ಅದೇ ಕವಿತೆಯನ್ನು ಯುನಿಕೋಡಿನಲ್ಲಿ ಟೈಪ್ ಮಾಡಿ ಹಾಕೋಣ. ಐದು ನಿಮಿಷದ ಕೆಲಸ. ಅಣ್ಣ ಈ ಪತ್ರಿಕೆ ಓದ್ತಾರೆ. ಓದೋಕೆ ಬಿಟ್ಟರೆ.

ಪಾಯಿಂಟ್ಸ್ ಬಂತಾ ಅಂತ ಕೇಳ್ತೀರಿ. ಬಂತು. ಈಗಲೂ ಹೋಗ್ತಿದ್ದೀನಿ.

ಸಿರುಗುಪ್ಪದಲ್ಲಿ ಪುಸ್ತಕ ಓದಿದ ದಿನ ಅಣ್ಣನ ಅವ್ವ ಬಂದಿದ್ರು. ಫೋನಿಗೆ ಇಯರ್‌ಫೋನ್ ಹಾಕ್ಕೊಂಡು ಅಣ್ಣ ಸಾಲು ಸಾಲಾಗಿ ಕೇಳಿ ಜೋರಾಗಿ ಹೇಳಿದ್ರು. ಅವ್ವ ಹೊಳೆದಂಡೆಯಲ್ಲಿ ನಿಂತು ಅತ್ಲು ಅನ್ನೋ ಹೊತ್ತಿಗೆ ಹಿಂದಿನ ಬೆಂಚಿನಿಂದ ದನಿ ಬಂತು: “ಯಾವಾಗ ಅತ್ತೀನೋ ನಾನು? ಕಣ್ಣಾಗ ಧೂಳು ಬಿದ್ದಿತ್ತು!”

ರೂಮೆಲ್ಲ ನಕ್ಕಿತು. ಅಣ್ಣ ನಾನಿದ್ದ ಕಡೆ ತಿರುಗಿ, “ತಮ್ಮಾ, ಇದನ್ನೂ ಬರ್ಕೋ” ಅಂದ್ರು.

ಅವ್ವನ ಹತ್ತಿರ ಹೋಗಿ, “ಬರ್ಕೊಳ್ಳಾ?” ಅಂತ ಕೇಳಿದೆ. “ಬರ್ಕೋ” ಅಂದ್ರು. ಬರ್ಕೊಂಡೆ.