ಕಾರೇ ಬಾರದ ಕಾರಿನ ಪೆಟ್ಟಿಗೆ

ನಮ್ಮ ಮನೆಗಳಲ್ಲಿ ಒಳಗಿನ ವಸ್ತು ಮುಗಿದರೂ ಪೆಟ್ಟಿಗೆ ಮುಗಿಯುವುದಿಲ್ಲ. ಬಿಸ್ಕತ್ತಿನ ಡಬ್ಬಿಗೆ ಚಕ್ಕುಲಿ ಬರುತ್ತದೆ. ಸೀರೆಯ ಪೆಟ್ಟಿಗೆಗೆ ಮಕ್ಕಳ ಅಂಕಪಟ್ಟಿ ಸೇರುತ್ತದೆ. ಮಿಕ್ಸಿ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ದಸರಾ ಬೊಂಬೆಗಳು ಹಳೇ ಪಂಚೆ ಸುತ್ತಿಕೊಂಡು ವರ್ಷವಿಡೀ ಮಲಗಿರುತ್ತವೆ. ಜಯನಗರದ ನಮ್ಮ ಮನೆಯ ಅಟ್ಟದಲ್ಲೂ ಇಂಥವು ಹತ್ತಾರಿವೆ. ಅವುಗಳಲ್ಲಿ ಒಂದು ಮಾತ್ರ ಬೇರೆ ಜಾತಿಯದು. ಅದರೊಳಗಿನ ವಸ್ತು ಮುಗಿದುಹೋದದ್ದಲ್ಲ, ಬರಲೇ ಇಲ್ಲ.

ಅದರ ಮುಚ್ಚಳದ ಮೇಲೆ ಬಿಳಿಯ ಅಂಬಾಸಡರ್ ಕಾರೊಂದು ಬೆಟ್ಟದ ತಿರುವಿನಲ್ಲಿ ಧೂಳೆಬ್ಬಿಸಿಕೊಂಡು ಬರುತ್ತಿದೆ. ಮೂಲೆಯಲ್ಲಿ ಒಬ್ಬ ತಂದೆ, ಒಬ್ಬ ಮಗ ಮೇಜಿನ ಮುಂದೆ ಕೂತು ಪುಟ್ಟ ಕಾರನ್ನು ಜೋಡಿಸುತ್ತಿದ್ದಾರೆ. ಈ ಚಿತ್ರ ಬರೆದವಳು ನಾನು. 1983ನೇ ಇಸವಿ. ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಆಗ ನನಗೆ ಊದುಬತ್ತಿ, ಸಾಬೂನು, ಬೆಂಕಿಪೊಟ್ಟಣಗಳಿಗೆ ಚಿತ್ರ ಬರೆಯುವ ಕೆಲಸ. ಪ್ಲಾಸ್ಟಿಕ್ ಬುಗುರಿ, ಪೀಪಿ ಮಾಡುತ್ತಿದ್ದ ಸಣ್ಣ ಕಾರ್ಖಾನೆಯ ಯಜಮಾನರೊಬ್ಬರು ಒಂದು ದಿನ ಬಂದು, ಬಿಡಿಭಾಗಗಳನ್ನು ಅಂಟಿಸಿ ಮಕ್ಕಳೇ ಕಟ್ಟುವಂಥ ಕಾರೊಂದನ್ನು ತರುತ್ತೇವೆ, ಪೆಟ್ಟಿಗೆ ಮಾಡಿಕೊಡಿ ಎಂದರು.

ಕಾರಿಗಿಂತ ಮೊದಲು ಪೆಟ್ಟಿಗೆ ಯಾಕೆ ಎಂದು ನಿಮಗೆ ಅನ್ನಿಸಬಹುದು. ಪ್ಲಾಸ್ಟಿಕ್ ಕಾರು ಮಾಡಲು ಉಕ್ಕಿನ ಅಚ್ಚು ಕೊರೆಸಬೇಕು. ಕರಗಿದ ಪ್ಲಾಸ್ಟಿಕ್ಕನ್ನು ಆ ಅಚ್ಚಿನೊಳಕ್ಕೆ ಒತ್ತಡದಿಂದ ತುಂಬಿ, ಆರಿದ ಮೇಲೆ ಭಾಗಗಳನ್ನು ಹೊರತೆಗೆಯುತ್ತಾರೆ. ಅಚ್ಚಿಗೆ ಬಹಳ ದುಡ್ಡು ಬೇಕು. ಪೆಟ್ಟಿಗೆಗೆ ಒಬ್ಬ ಚಿತ್ರಕಾರ, ನಾಲ್ಕು ಬಣ್ಣದ ನಾಲ್ಕು ಪ್ಲೇಟು, ಒಂದಿಷ್ಟು ರಟ್ಟು ಸಾಕು. ಪೆಟ್ಟಿಗೆ ತೋರಿಸಿ ಅಂಗಡಿಯವರಿಂದ ಆರ್ಡರ್ ಹಿಡಿದು, ಆಮೇಲೆ ಅಚ್ಚಿಗೆ ಕೈಹಾಕುವುದು ಯಜಮಾನರ ಲೆಕ್ಕಾಚಾರ. ಮಾದರಿಗೆಂದು ಹನ್ನೆರಡು ಪೆಟ್ಟಿಗೆ ಮಾಡಿದೆವು. ಅಷ್ಟರಲ್ಲಿ 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈಯನ್ನು ಅದರ ಮಾಲೀಕರ ಕೈಗಿತ್ತರು. ಊರೆಲ್ಲ ಅದೇ ಮಾತು. ಅಂಗಡಿಯವರು, ‘ಅಂಬಾಸಡರ್ ಯಾರಿಗೆ ಬೇಕು ಸ್ವಾಮಿ, ಮಾರುತಿ ಮಾಡಿ’ ಅಂದರಂತೆ. ಯಜಮಾನರು ಬುಗುರಿಗೇ ವಾಪಸಾದರು. ಹನ್ನೆರಡರಲ್ಲಿ ಒಂದು ಪೆಟ್ಟಿಗೆ ನನ್ನ ಜೊತೆ ಮನೆಗೆ ಬಂತು. ಅದರಲ್ಲಿ ಗುಂಡಿ, ಸೂಜಿ, ದಾರ ಇಟ್ಟೆ.

ಏಳನೇ ತರಗತಿ ಓದುತ್ತಿರುವ ನನ್ನ ಮೊಮ್ಮಗಳು ಬೇಸಿಗೆ ರಜೆಯಲ್ಲಿ ಆ ಗುಂಡಿಗಳನ್ನೆಲ್ಲ ಚಾಪೆಯ ಮೇಲೆ ಸುರಿದು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಲವತ್ತು ವರ್ಷದಲ್ಲಿ ಯಾರೂ ಕೇಳದ ಮೂರು ಪ್ರಶ್ನೆ ಕೇಳಿದಳು.

ಮೊದಲನೆಯದು: “ಅಜ್ಜಿ, ಈ ಕಾರು ಓಡುತ್ತಿತ್ತಾ?”

ಇಲ್ಲ ಕಣೇ, ಇದಕ್ಕೆ ಮೋಟರೂ ಇಲ್ಲ, ಕೀಲಿಯೂ ಇಲ್ಲ, ಕೈಯಲ್ಲಿ ತಳ್ಳಬೇಕು ಎಂದೆ. “ಹಾಗಾದರೆ ಧೂಳು ಯಾಕೆ ಏಳ್ತಿದೆ?”

ಆ ಕಾಲದಲ್ಲಿ ಜಗತ್ತಿನ ತುಂಬ ಹಾಗೇ ಇತ್ತು. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯ ವಿಮಾನ, ಹಡಗುಗಳ ಕಿಟ್‌ಗಳಿಗೆ ರಾಯ್ ಕ್ರಾಸ್ ಎಂಬ ಚಿತ್ರಕಾರರು 1964ರಿಂದ ಹತ್ತು ವರ್ಷ ಮುಚ್ಚಳದ ಚಿತ್ರ ಬರೆದರು. ಬೆಂಕಿ, ಹೊಗೆ, ಉಕ್ಕುವ ಸಮುದ್ರ! ಒಳಗೆ ಇರುತ್ತಿದ್ದದ್ದು ಬಣ್ಣವಿಲ್ಲದ ಪ್ಲಾಸ್ಟಿಕ್ ತುಂಡುಗಳು. ಅವುಗಳಿಂದ ಏನು ಮಾಡಬಹುದೆಂಬ ಕನಸನ್ನು ಮುಚ್ಚಳ ಕೊಡುತ್ತಿತ್ತು. ಮುಂದೆ ಜನರ ಮನಸ್ಸು ಬದಲಾಯಿತು. ಮಕ್ಕಳ ಪೆಟ್ಟಿಗೆಯ ಮೇಲೆ ಯುದ್ಧದ ಬೆಂಕಿ ಏಕೆ ಎಂಬ ಪ್ರಶ್ನೆ ಎದ್ದು, ಅದೇ ಚಿತ್ರಗಳಿಂದ ಬಾಂಬು, ಸ್ಫೋಟಗಳನ್ನು ಅಳಿಸಿ ಅಚ್ಚು ಹಾಕಿದರು.

ಕಾರುಗಳ ಪೆಟ್ಟಿಗೆಯಿಂದ ಅಳಿಸಿಹೋದದ್ದು ಬೇರೆ. 1968ರಲ್ಲಿ ಲೋಟಸ್ ತಂಡದ ಓಟದ ಕಾರಿಗೆ ಸಿಗರೇಟು ಕಂಪನಿಯ ಬಣ್ಣ ಬಂತು. ಬೇರೆ ತಂಡಗಳೂ ಅದೇ ದಾರಿ ಹಿಡಿದವು. ಆ ಕಾರುಗಳ ಪುಟ್ಟ ಮಾದರಿಗಳ ಮೇಲೂ ಸಿಗರೇಟಿನ ಹೆಸರು ಅಂಟಿಕೊಂಡು ಮಕ್ಕಳ ಕೈಗೆ ಬಂತು. ನಗಬೇಡಿ, 1990ರ ದಶಕದಲ್ಲಿ ನಮ್ಮ ಕ್ರಿಕೆಟ್ ಆಟಗಾರರ ಎದೆಯ ಮೇಲೂ ಸಿಗರೇಟಿನ ಹೆಸರೇ ಇತ್ತು. ನಮ್ಮ ದೇಶದಲ್ಲಿ ತಂಬಾಕಿನ ಜಾಹೀರಾತನ್ನು ನಿಷೇಧಿಸುವ ಕಾನೂನು ಬಂದದ್ದು 2003ರಲ್ಲಿ. ಹೊರದೇಶಗಳಲ್ಲೂ ಇಂಥ ಕಾನೂನುಗಳು ಬಂದವು. ಈಗ ಆ ಹಳೇ ಕಾರುಗಳ ಕಿಟ್ ಮತ್ತೆ ಮಾರಾಟಕ್ಕೆ ಬಂದಾಗ, ಹೆಸರಿದ್ದ ಜಾಗ ಸಾಮಾನ್ಯವಾಗಿ ಖಾಲಿ ಇರುತ್ತದೆ. ಆ ಖಾಲಿ ಜಾಗ ನೋಡಿದರೆ ನನಗೆ ನೆಮ್ಮದಿಯಾಗುತ್ತದೆ.

ಎರಡನೆಯ ಪ್ರಶ್ನೆ: “ನಿಜವಾಗಿ ಎಷ್ಟು ದೊಡ್ಡದಿರುತ್ತಿತ್ತು?”

ಪೆಟ್ಟಿಗೆಯ ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ 1:24 ಎಂದಿದೆ. ಅಂದರೆ ನಿಜವಾದ ಕಾರಿನ 24 ಅಂಗುಲ ಈ ಕಾರಿನಲ್ಲಿ 1 ಅಂಗುಲ. ಅಂಬಾಸಡರ್ ಕಾರಿನ ಉದ್ದ ಸುಮಾರು 4.3 ಮೀಟರ್, ಅಂದರೆ 430 ಸೆಂಟಿಮೀಟರ್. 24ರಿಂದ ಭಾಗಿಸಿ ನೋಡಿ, 18 ಸೆಂಟಿಮೀಟರ್ ಬರುತ್ತದೆ. ಮೊಮ್ಮಗಳು ಅಳತೆಪಟ್ಟಿ ತಂದು ಮುಚ್ಚಳದ ಮೇಲಿನ ಕಾರನ್ನು ಅಳೆದಳು. 27 ಸೆಂಟಿಮೀಟರ್! ಒಳಗೆ ಬರಬೇಕಿದ್ದ ಕಾರಿನ ಒಂದೂವರೆ ಪಟ್ಟು. “ಬಣ್ಣ, ಅಂಟು ಬೇರೆ ಕೊಳ್ಳಬೇಕು ಅಂತ ಎಲ್ಲಿ ಬರೆದಿದೆ?” ಎಂದು ಹುಡುಕಿದಳು. ಎಲ್ಲೂ ಬರೆದಿರಲಿಲ್ಲ. ಆಗ ಯಾರೂ ಬರೆಸುತ್ತಲೂ ಇರಲಿಲ್ಲ.

ಈಗ ಕಾಲ ಬೇರೆ. ಪೊಟ್ಟಣದ ಮೇಲೆ ತಯಾರಿಸಿದವರ ವಿಳಾಸ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ ಇರಲೇಬೇಕು. 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆಟಿಕೆಯ ಗುಣಗಳನ್ನು ಉತ್ಪ್ರೇಕ್ಷೆ ಮಾಡಿ ಮಕ್ಕಳಲ್ಲಿ ಇಲ್ಲದ ಆಸೆ ಹುಟ್ಟಿಸುವ ಜಾಹೀರಾತು ಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮೊಮ್ಮಗಳ ಅಳತೆಪಟ್ಟಿ ಕೇಳಿದ್ದೂ ಅದನ್ನೇ.

ಮೂರನೆಯ ಪ್ರಶ್ನೆ ಕೇಳುವಾಗ ಅವಳ ದನಿ ಸ್ವಲ್ಪ ತಗ್ಗಿತು: “ಇಲ್ಲಿ ಹುಡುಗಿ ಯಾಕಿಲ್ಲ?”

‘ಕಾರು ಹುಡುಗರದ್ದಲ್ಲವೇನಮ್ಮಾ’ ಎಂದಿದ್ದರು ಯಜಮಾನರು. ಬಣ್ಣ ಕಲಸಿ ಕಾರು ಬರೆದವಳು ಹೆಣ್ಣು, ಚಿತ್ರದೊಳಗೆ ಕಾರು ಕಟ್ಟುವವನು ಗಂಡು. ಆ ಕಾಲಕ್ಕೆ ಇದು ಯಾರಿಗೂ ವಿಚಿತ್ರವೆನಿಸಲಿಲ್ಲ. ಅಮೆರಿಕದಲ್ಲಿ 1967ರಲ್ಲಿ ಬಂದ ಬ್ಯಾಟಲ್‌ಶಿಪ್ ಎಂಬ ಆಟದ ಪೆಟ್ಟಿಗೆಯ ಮೇಲೆ ಅಪ್ಪ, ಮಗ ನಗುತ್ತಾ ಆಡುತ್ತಿದ್ದಾರೆ. ಹಿಂದುಗಡೆ ಅಡುಗೆಮನೆಯಲ್ಲಿ ಅಮ್ಮ, ಮಗಳು ಪಾತ್ರೆ ತೊಳೆಯುತ್ತಿದ್ದಾರೆ! ಇಂದು ಅಂಥ ಪೆಟ್ಟಿಗೆ ಅಂಗಡಿಯಲ್ಲಿ ಕಂಡರೆ ಜನ ಸುಮ್ಮನಿರುವುದಿಲ್ಲ. ಲೆಗೋ ಕಂಪನಿ 2021ರಲ್ಲಿ, ತನ್ನ ಆಟಿಕೆಗಳಲ್ಲಿ ಹುಡುಗರದ್ದು, ಹುಡುಗಿಯರದ್ದು ಎಂಬ ಕಟ್ಟುಪಾಡು ಇರದಂತೆ ನೋಡಿಕೊಳ್ಳುವುದಾಗಿ ಹೇಳಿತು.

ಆದರೆ ಇಷ್ಟೆಲ್ಲ ಸುಧಾರಿಸಿದ ಪೆಟ್ಟಿಗೆ ಈಗ ಮಾತಾಡುವುದು ಯಾರೊಡನೆ? ಈ ಅನುಮಾನ ನನಗೆ ಬಂದದ್ದು ಜೆ.ಪಿ. ನಗರದ ಯುವಕನೊಬ್ಬ ನಮ್ಮ ಮನೆಗೆ ಬಂದ ಮೇಲೆ. ಹಳೇ ಆಟಿಕೆ ಕಾರುಗಳನ್ನು ಸಂಗ್ರಹಿಸುವವನು. ನನ್ನ ಪೆಟ್ಟಿಗೆಯ ವಿಷಯ ಯಾರಿಂದಲೋ ತಿಳಿದು ಬಂದಿದ್ದ. “ಆಂಟಿ, ಬಿಡುಗಡೆಯೇ ಆಗದ ಕಿಟ್‌ನ ಪೆಟ್ಟಿಗೆ ಇದು. ಅದಕ್ಕೇ ಇಷ್ಟು ಬೆಲೆ. ಎಂಟು ಸಾವಿರ ಕೊಡ್ತೀನಿ. ದಯವಿಟ್ಟು ಗುಂಡಿ ಮಾತ್ರ ತೆಗೆದುಬಿಡಿ, ಮೂಲೆ ಸವೆಯುತ್ತೆ” ಎಂದ. ಅವನ ಮನೆಯ ಗೋಡೆಯ ತುಂಬ ತೆರೆಯದ ಪೊಟ್ಟಣಗಳಂತೆ. ತೆರೆದರೆ ಬೆಲೆ ಬಿತ್ತು. “ಮಗನಿಗೆ ಆಡಲು ಬೇರೆ ಕಾರು ಕೊಟ್ಟಿದ್ದೀನಿ, ಇವನ್ನು ದೂರದಿಂದ ನೋಡ್ತಾನೆ” ಎಂದು ನಕ್ಕ.

ಅವನನ್ನು ಹಳಿಯಲಾರೆ. ಅವನಂಥವರು ಕಾಪಾಡದಿದ್ದರೆ ನಮ್ಮಂಥ ಚಿತ್ರಕಾರರ ಕೆಲಸವೆಲ್ಲ ರದ್ದಿಗೆ ಹೋಗುತ್ತಿತ್ತು. ಇದರಲ್ಲಿ ಕಂಪನಿಗಳ ಜಾಣತನವೂ ಇದೆ. 1995ರಿಂದ ಹಾಟ್ ವೀಲ್ಸ್ ಕಂಪನಿ ‘ನಿಧಿ ಬೇಟೆ’ ಎಂಬರ್ಥದ ಹೆಸರಿನಲ್ಲಿ ಕೆಲವು ಕಾರುಗಳನ್ನು ಕಡಿಮೆ ಸಂಖ್ಯೆಯಲ್ಲಿ ಮಾಡಿ ಉಳಿದವುಗಳ ನಡುವೆ ಬೆರೆಸುತ್ತದೆ. ಅವನ್ನು ಹುಡುಕಲು ದೊಡ್ಡವರೇ ಅಂಗಡಿಯ ಕೊಕ್ಕೆಗಳನ್ನು ಜಾಲಾಡುತ್ತಾರೆ. ಮಗುವಿನ ಆಸೆಯ ಜಾಗಕ್ಕೆ ದೊಡ್ಡವರ ನೆನಪು, ದೊಡ್ಡವರ ದುಡ್ಡು ಬಂದು ಕೂತಿದೆ.

ಬೆಂಕಿಪೊಟ್ಟಣದ ಗಾತ್ರದ ಪುಟ್ಟ ಕಾರುಗಳ ಕಥೆ ಶುರುವಾದದ್ದೇ ಒಂದು ಮಗುವಿಗಾಗಿ. ಲಂಡನ್ನಿನ ಜ್ಯಾಕ್ ಓಡೆಲ್ ಎಂಬ ಎಂಜಿನಿಯರರ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಯನ್ನು ಮಾತ್ರ ತರಬಹುದೆಂಬ ನಿಯಮವಿತ್ತು. ಅಪ್ಪ ಬೆಂಕಿಪೊಟ್ಟಣಕ್ಕೆ ಸರಿಹೋಗುವಂತೆ ರಸ್ತೆ ಸಮ ಮಾಡುವ ರೋಲರ್ ಒಂದನ್ನು ಮಾಡಿಕೊಟ್ಟರು. 1953ರಲ್ಲಿ ‘ಮ್ಯಾಚ್‌ಬಾಕ್ಸ್’ ಕಾರುಗಳು ಹುಟ್ಟಿದ್ದು ಹಾಗೆ. ಆ ಮಗಳು ಪೊಟ್ಟಣ ತೆರೆಯದೆ ಗೋಡೆಗೆ ನೇತುಹಾಕಿದ್ದರೆ ಏನಾಗುತ್ತಿತ್ತೋ!

ಎಂಟು ಸಾವಿರ ಸಣ್ಣ ಮೊತ್ತವಲ್ಲ. ಮೊಮ್ಮಗಳನ್ನೇ ಕೇಳಿದೆ. “ಮೊದಲು ಇದರೊಳಗಿನ ಕಾರು ಮಾಡೋಣ ಅಜ್ಜಿ, ಆಮೇಲೆ ಯೋಚಿಸೋಣ” ಎಂದಳು. ಹಳೇ ಕ್ಯಾಲೆಂಡರಿನ ರಟ್ಟು, ಬಾಟಲಿಯ ಮುಚ್ಚಳದ ಚಕ್ರ, ಅಗರಬತ್ತಿಯ ಕಡ್ಡಿಯ ಅಚ್ಚು. ಎರಡು ಭಾನುವಾರ ಹಿಡಿಯಿತು. ಮುಂದಿನ ಬಾನೆಟ್ ಸ್ವಲ್ಪ ಸೊಟ್ಟ. ಉದ್ದ ಮಾತ್ರ ಸರಿಯಾಗಿ 18 ಸೆಂಟಿಮೀಟರ್. ಅದನ್ನು ಪೆಟ್ಟಿಗೆಯಲ್ಲಿಟ್ಟ ಮೇಲೆ ಮಾರುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಯುವಕ ಮತ್ತೆ ಬಂದಾಗ ಪೆಟ್ಟಿಗೆಯ ಆರೂ ಮುಖಗಳ ಫೋಟೊ ತೆಗೆದುಕೊಳ್ಳಲು ಬಿಟ್ಟೆವು. ಹೊರಡುವ ಮುಂಚೆ ಅವನೂ ರಟ್ಟಿನ ಕಾರನ್ನು ಮೇಜಿನ ಮೇಲೆ ಒಂದು ಸಲ ತಳ್ಳಿ ನೋಡಿದ.

ಹುಟ್ಟುಹಬ್ಬಕ್ಕೆಂದು ಮೊಮ್ಮಕ್ಕಳಿಗೆ ಆಟಿಕೆ ಕೊಳ್ಳಲು ಹೋಗುವ ಅಜ್ಜ ಅಜ್ಜಿಯರಿಗೆ ನನ್ನದೊಂದು ಮಾತು. ಮುಚ್ಚಳದ ಚಿತ್ರ ಎಷ್ಟು ಚೆನ್ನಾಗಿದ್ದರೂ ಪೆಟ್ಟಿಗೆಯನ್ನೊಮ್ಮೆ ತಿರುಗಿಸಿ ಹಿಂದಿನದನ್ನು ಓದಿ. ಕನ್ನಡಕ ಮರೆತಿದ್ದರೆ ಜೊತೆಗಿರುವ ಮಗುವಿನಿಂದ ಓದಿಸಿ. ಐಎಸ್‌ಐ ಗುರುತು ಇದೆಯೇ? ಯಾವ ವಯಸ್ಸಿನವರಿಗೆ? ಒಳಗೆ ಏನಿದೆ, ಏನಿಲ್ಲ? ಮಕ್ಕಳೇ, ಅಳತೆ ಕೊಟ್ಟಿದ್ದರೆ ಅಂಗಡಿಯಲ್ಲೇ ಭಾಗಾಕಾರ ಮಾಡಿ ನೋಡಿ. ಮನೆಗೆ ತಂದ ಮೇಲೆ ಮಾತ್ರ ಧೈರ್ಯವಾಗಿ ತೆರೆಯಿರಿ, ದೊಡ್ಡವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೆರಳಿಗೆ ಫೆವಿಕಾಲ್ ಅಂಟಿದರೆ ಚಿಂತೆಯಿಲ್ಲ, ನೀರಿನಲ್ಲಿ ತೊಳೆದರೆ ಹೋಗುತ್ತದೆ.