ಎರಡನೇ ಸಲ ದಾಳ ಎಸೆಯುವ ಹಕ್ಕು

ನನ್ನ ಮೊದಲ ಇಂಟರ್‌ವ್ಯೂನಲ್ಲಿ ಕೇಳಿದ ಪ್ರಶ್ನೆ ಇದು. ಒಂದು ದಾಳ ಎಸೀರಿ. ಎಷ್ಟು ಬೀಳುತ್ತೋ ಅಷ್ಟು ರೂಪಾಯಿ ನಿಮಗೆ. ಬಿದ್ದದ್ದು ಬೇಡ ಅನ್ನಿಸಿದರೆ ಒಂದೇ ಒಂದು ಸಲ ಮತ್ತೆ ಎಸೆಯಬಹುದು, ಆಮೇಲೆ ಬಿದ್ದದ್ದೇ ಖಾಯಂ. ಈ ಆಟಕ್ಕೆ ಹೆಚ್ಚೆಂದರೆ ಎಷ್ಟು ದುಡ್ಡು ಕೊಡ್ತೀರಿ?

ಓದ್ತಾ ಓದ್ತಾನೇ ನಿಮ್ಮಲ್ಲಿ ಕೆಲವರು ಲೆಕ್ಕ ಶುರು ಮಾಡಿರ್ತೀರಿ. ಒಂದೇ ಎಸೆತವಾದರೆ ಸರಾಸರಿ ಮೂರೂವರೆ ರೂಪಾಯಿ. ಎರಡನೇ ಎಸೆತ ಇದೆ ಅಂದರೆ 1, 2, 3 ಬಿದ್ದಾಗ ಮತ್ತೆ ಎಸೀತೀವಿ. 4, 5, 6 ಬಿದ್ದರೆ ಸುಮ್ಮನೆ ಜೇಬಿಗೆ ಹಾಕ್ಕೋತೀವಿ. ಅರ್ಧ ಸಲ ಸರಾಸರಿ 5, ಇನ್ನರ್ಧ ಸಲ 3.50. ಒಟ್ಟು 4.25. ಅಂದರೆ ‘ಬೇಡ, ಇನ್ನೊಮ್ಮೆ ನೋಡೋಣ’ ಅನ್ನುವ ಹಕ್ಕಿಗೇ 75 ಪೈಸೆ ಬೆಲೆ.

ಇಂಟರ್‌ವ್ಯೂ ಮಾಡುತ್ತಿದ್ದವರು ಕೇಳಿದರು: “ಈ 75 ಪೈಸೆ ಏನು ಅಂತ ಒಂದೇ ಮಾತಲ್ಲಿ ಹೇಳಿ.” ‘ಆಪ್ಷನ್ ವ್ಯಾಲ್ಯೂ’ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. “ಕೋಲ್ಡ್ ಸ್ಟೋರೇಜ್ ಬಾಡಿಗೆ ಸರ್” ಅಂದುಬಿಟ್ಟೆ.

ಅವರು ನಕ್ಕರು. ನಾನು ದುಂಡಸಿ ಕಥೆ ಹೇಳಬೇಕಾಯಿತು.

ದುಂಡಸಿ ನಮ್ಮೂರು. ಹಾವೇರಿ ಜಿಲ್ಲೆ, ಶಿಗ್ಗಾವಿ ತಾಲೂಕು. ನಮ್ಮ ಹೊಲದಲ್ಲಿ ಗೋವಿನಜೋಳ, ಹತ್ತಿ, ಒಂದಿಷ್ಟು ಮೆಣಸಿನಕಾಯಿ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ಮೊದಲ ಸಲ ನನ್ನನ್ನು ಬ್ಯಾಡಗಿ ಮಾರ್ಕೆಟ್ಟಿಗೆ ಕರ್ಕೊಂಡು ಹೋದರು. ಊರವರದೆಲ್ಲ ಸೇರಿ ಒಂದು ಟೆಂಪೋ, ಚೀಲದ ಮೇಲೆ ನಾವು. ಬ್ಯಾಡಗಿಯಲ್ಲಿ ಎತ್ತ ನೋಡಿದರೂ ಕೆಂಪು, ಸೀನು ನಿಲ್ಲುವುದೇ ಇಲ್ಲ. ದಲಾಲರ ಅಂಗಡಿ ಮುಂದೆ ಚೀಲ ಬಿಚ್ಚಿ ಇಟ್ಟರೆ ಖರೀದಿದಾರರು ಬಂದು ಮುರಿದು, ಮೂಸಿ ನೋಡಿ ಟೆಂಡರ್ ಹಾಕುತ್ತಾರೆ. ಮಧ್ಯಾಹ್ನದ ಹೊತ್ತಿಗೆ ದರ ಗೊತ್ತಾಗುತ್ತದೆ. ಒಪ್ಪಿಗೆಯಾದರೆ ಕೊಡಬಹುದು, ಇಲ್ಲದಿದ್ದರೆ ಇಲ್ಲ.

ಆ ದಿನ ದರ ಕಮ್ಮಿ ಬಿತ್ತು. ನಮ್ಮ ಜೊತೆ ಬಂದಿದ್ದ ಒಬ್ಬರು “ಈ ರೇಟಿಗೆ ನಾ ಕೊಡಾಂಗಿಲ್ಲ” ಅಂತ ಚೀಲ ಹೊಲಿಸಿ ಕೋಲ್ಡ್ ಸ್ಟೋರೇಜಿಗೆ ಕಳಿಸಿದರು. ನಾನೂ ಅಪ್ಪನ ಮುಖ ನೋಡಿದೆ. ಮಾರ್ಚ್ ತಿಂಗಳು. ಸೊಸೈಟಿ ಸಾಲ ತುಂಬಬೇಕು, ದಲಾಲರ ಹತ್ತಿರ ಬೀಜಕ್ಕೆ ತಂದ ಉದ್ರಿ ಬೇರೆ. ಅಪ್ಪ ಒಂದು ನಿಮಿಷ ಸುಮ್ಮನೆ ನಿಂತು “ತೂಕ ಮಾಡ್ರಿ” ಅಂದರು. ಬರುವಾಗ ದಾರಿಯಲ್ಲಿ ಅವರು ಮಾತಾಡಲಿಲ್ಲ.

ಇಬ್ಬರದೂ ಅದೇ ಮಳೆ, ಅದೇ ಕಾಯಿ, ಅದೇ ಮಾರ್ಕೆಟ್ಟು. ಒಬ್ಬರಿಗೆ ಎರಡು ಎಸೆತ, ಅಪ್ಪನಿಗೆ ಒಂದೇ. ಇದಕ್ಕೊಂದು ಲೆಕ್ಕ ಇದೆ, ಆ ಲೆಕ್ಕದ ಮೇಲೆ ಒಂದು ಉದ್ಯೋಗವೇ ನಿಂತಿದೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ.

ಗೊತ್ತಾದದ್ದು ಈ ಕ್ಯಾಂಪಸ್ಸಿನಲ್ಲೇ. ನಿಮಗೆಲ್ಲ ಎಂ-3, ಎಂ-4 ಅಂದರೆ ಪಾಸಾದರೆ ಸಾಕಪ್ಪ ಅನ್ನುವ ಪೇಪರ್‌ಗಳು. ನನಗೆ ಎಂ-4ರ ಪ್ರಾಬಬಿಲಿಟಿ ಭಾಗ ಬಂದಾಗ ಜ್ವರ ಹತ್ತಿತು. ಲೈಬ್ರರಿಯಲ್ಲಿ ಶೆಲ್ಡನ್ ರಾಸ್ ಪುಸ್ತಕ, ಅಲ್ಲಿಂದ ಜಾನ್ ಹಲ್ ಪುಸ್ತಕ. 1900ರಲ್ಲಿ ಲೂಯಿ ಬಾಶೆಲಿಯೆ ಅನ್ನುವ ಫ್ರೆಂಚ್ ಗಣಿತಜ್ಞ ಷೇರುಪೇಟೆಯ ದರದ ಏರಿಳಿತವನ್ನೇ ಪಿಎಚ್‌ಡಿ ವಿಷಯ ಮಾಡಿಕೊಂಡಿದ್ದು, 1973ರಲ್ಲಿ ಬ್ಲ್ಯಾಕ್ ಮತ್ತು ಶೋಲ್ಸ್ ‘ಕಾಯುವ ಹಕ್ಕಿಗೆ’ ಬೆಲೆ ಕಟ್ಟುವ ಸೂತ್ರ ಕೊಟ್ಟಿದ್ದು, ಎಲ್ಲ ಓದಿದೆ. ನಮ್ಮ ಕಡೆಯೂ ಏನು ಕಮ್ಮಿ ಇರಲಿಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿ ಲೆಕ್ಕಗಳನ್ನು ಕೊಟ್ಟಿದ್ದಾನೆ, ರಾಜಾದಿತ್ಯ ‘ವ್ಯವಹಾರಗಣಿತ’ ಬರೆದದ್ದು ಕನ್ನಡದಲ್ಲೇ.

ಸಾಫ್ಟ್‌ವೇರ್ ಆಫರ್ ಬಿಟ್ಟು ಗಣಿತದಲ್ಲಿ ಎಂಎಸ್ಸಿ ಮಾಡ್ತೀನಿ ಅಂದಾಗ ಅವ್ವ ಎರಡು ದಿನ ಸರಿಯಾಗಿ ಮಾತಾಡಿಸಲಿಲ್ಲ. ಮುಗಿದ ಮೇಲೆ ಸಿಕ್ಕಿದ್ದು ಬೆಂಗಳೂರಿನಲ್ಲಿ ಒಂದು ವಿದೇಶಿ ಬ್ಯಾಂಕಿನ ಆಫೀಸು. ‘ಕ್ವಾಂಟ್’ ಅಂದರೆ ಆರು ಸ್ಕ್ರೀನು, ಕೋಟಿ ಸಂಬಳ ಅಂತ ನೀವು ರೀಲ್ಸಿನಲ್ಲಿ ನೋಡಿರ್ತೀರಿ. ಅಂಥವರೂ ಇದ್ದಾರೆ, ಬಹಳ ಕಮ್ಮಿ. ಬೆಂಗಳೂರಿನಲ್ಲಿ ಹೊಸಬರಿಗೆ ಬಾಗಿಲು ಹೆಚ್ಚು ತೆರೆಯುವುದು ರಿಸ್ಕ್ ಕಡೆಗೆ, ಮಾಡೆಲ್ ತಪಾಸಣೆ ಕಡೆಗೆ. ನನ್ನ ಕೆಲಸ ಬೇರೆಯವರು ಕಟ್ಟಿದ ಮಾಡೆಲ್‌ನಲ್ಲಿ ತಪ್ಪು ಹುಡುಕುವುದು. ಉದಾಹರಣೆಗೆ, ‘ನಾಳೆ ಇಷ್ಟಕ್ಕಿಂತ ಹೆಚ್ಚು ನಷ್ಟವಾಗುವ ಸಂಭವ ಶೇ 1 ಮಾತ್ರ’ ಅಂತ ಒಂದು ಮಾಡೆಲ್ ಹೇಳುತ್ತದೆ ಅನ್ನಿ. ವರ್ಷದ 250 ವಹಿವಾಟಿನ ದಿನಗಳಲ್ಲಿ ಅದು ಎರಡು ಮೂರು ಸಲ ಮೀರಿದರೆ ಸರಿ. ಐದು ಮುಟ್ಟಿದರೆ ಬ್ಯಾಂಕುಗಳ ಬಾಸೆಲ್ ನಿಯಮದಲ್ಲಿ ಹಳದಿ ದೀಪ, ಹತ್ತಾದರೆ ಕೆಂಪು. ನಾಳೆ ದರ ಏನು ಅಂತ ಹೇಳುವುದಲ್ಲ ಕೆಲಸ; ನಾವು ಅಂದುಕೊಂಡದ್ದು ತಪ್ಪಾದರೆ ಏನು ಗತಿ ಅಂತ ಕೇಳುವುದು.

ಊರಿಗೆ ಹೋದಾಗ ಅಪ್ಪ ಕೇಳಿದ್ದರು: “ನಿಂದು ಕೆಲಸ ಏನಪಾ ಖರೇ ಅಂದ್ರ? ಮುಂದಿನ ವರ್ಷ ಮೆಣಸಿನಕಾಯಿ ರೇಟ್ ಹೇಳ್ತಿ ಏನು?”

“ಇಲ್ಲಪ್ಪಾ. ಎಷ್ಟು ಬೀಳಬಹುದು ಅಂತ ಹೇಳ್ತೀನಿ.”

“ಅದು ನಮಗೂ ಗೊತ್ತೈತಿ ಬಿಡು.”

ಈಗ ಹೇಳಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದ ಭಾಗ. 2023ರ ದೀಪಾವಳಿಗೆ ಮುಂಚೆ ಕಾಕಾನ ಮಗ, ನನಗಿಂತ ನಾಲ್ಕು ವರ್ಷ ದೊಡ್ಡವನು, ಫೋನ್ ಮಾಡಿದ. “ತಮ್ಮಾ, ಆಪ್ಷನ್ ಅಂತಾರಲ್ಲ, ಅದು ನಿಮ್ಮ ಕೆಲಸಾನ ಅಲ್ಲೇನು? ಹೆಂಗೈತಿ ಅದು?” ನಾನು ಮೀಟಿಂಗಿಗೆ ಓಡುತ್ತಿದ್ದೆ. “ಹೂಂ ಅಣ್ಣಾ, ದಿನಾ ಅದನ್ನ ಲೆಕ್ಕ ಹಾಕೂದು. ಭಾಳ ಚಲೋ ಮ್ಯಾಥ್ಸ್ ಐತಿ ಅದರಾಗ” ಅಂದು ಇಟ್ಟೆ. ಅವನ ಕಿವಿಗೆ ಬಿದ್ದದ್ದು ‘ಭಾಳ ಚಲೋ’ ಅಷ್ಟೇ.

ಅಣ್ಣ ಕೊಂಡದ್ದು ಆಗ ಗುರುವಾರಕ್ಕೆ ಅವಧಿ ಮುಗಿಯುತ್ತಿದ್ದ ನಿಫ್ಟಿ ಆಪ್ಷನ್‌ಗಳು. ಅದೂ ಒಂದು ಹಕ್ಕೇ, ಆದರೆ ಮಂಜುಗಡ್ಡೆಯಂಥ ಹಕ್ಕು. ಮಾರುಕಟ್ಟೆ ಅಲ್ಲಾಡದೆ ನಿಂತರೂ ಅದರ ಬೆಲೆ ದಿನಾ ಕರಗುತ್ತದೆ. ಅಂದುಕೊಂಡ ಮಟ್ಟ ಮುಟ್ಟದಿದ್ದರೆ ಗುರುವಾರ ಸಂಜೆ ಸೊನ್ನೆ. ಹತ್ತರಲ್ಲಿ ಒಂಬತ್ತು ಜನ ಕಳಕೊಳ್ಳುತ್ತಾರೆ ಅನ್ನುವ ಎಚ್ಚರಿಕೆ ಅವನ ಮೊಬೈಲಿನಲ್ಲೂ ಬರುತ್ತಿತ್ತು, ಇಂಗ್ಲಿಷಿನಲ್ಲಿ. ಓಕೆ ಒತ್ತಿ ಮುಂದೆ ಹೋಗುತ್ತಿದ್ದ. ಬೋರ್‌ವೆಲ್‌ಗೆ ಅಂತ ಇಟ್ಟಿದ್ದ ಒಂದು ಲಕ್ಷ ನಲವತ್ತು ಸಾವಿರ ಎರಡೂವರೆ ತಿಂಗಳಲ್ಲಿ ಹೋಯಿತು. ಕಾಕಾಗೆ ಗೊತ್ತಾದಾಗ ನನ್ನ ಹೆಸರೂ ಬಂತು. “ಅವನ ಚಲೋ ಅಂದಾನ” ಅಂತ.

2024ರ ಸೆಪ್ಟೆಂಬರ್‌ನಲ್ಲಿ ಸೆಬಿ ವರದಿ ಬಂದಾಗ ಆಫೀಸಿನಲ್ಲಿ ಕೂತು ಓದಿದೆ. ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇ 93 ಮಂದಿಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಗೆದ್ದ ದೊಡ್ಡ ಸಂಸ್ಥೆಗಳ ಲಾಭದ ಬಹುಪಾಲು ಅಲ್ಗಾರಿದಮ್‌ಗಳಿಂದ. ಅಂದರೆ ಅಣ್ಣನಂಥವರ ಎದುರು ಕೂತದ್ದು ನಾನು ಪ್ರೀತಿಯಿಂದ ಕಲಿತ ಅದೇ ಗಣಿತ. ಆ ವರ್ಷವೇ ಒಂದು ಟ್ರೇಡಿಂಗ್ ಕಂಪನಿಯಿಂದ ನನಗೆ ಕರೆ ಬಂದಿತ್ತು, ಎರಡು ಪಟ್ಟು ಸಂಬಳ. ತತ್ತ್ವಕ್ಕಾಗಿ ಬಿಟ್ಟೆ ಅಂತ ಕೊಚ್ಚಿಕೊಳ್ಳಲ್ಲ. ಮೂರನೇ ಸುತ್ತಿನಲ್ಲಿ ಬಿದ್ದೆ. ಬಿದ್ದಾಗ ಒಂಥರಾ ಹಗುರವಾಯಿತು ಅನ್ನೋದೂ ನಿಜ.

ಈ ದಾರಿ ಹಿಡಿಯುವ ತಂಗಿ ತಮ್ಮಂದಿರಿಗೆ ನನ್ನ ಮಾತು ಇಷ್ಟು. ಪ್ರಾಬಬಿಲಿಟಿ, ಸ್ಟ್ಯಾಟಿಸ್ಟಿಕ್ಸ್, ಮ್ಯಾಟ್ರಿಕ್ಸ್ ಗಟ್ಟಿ ಮಾಡ್ಕೊಳ್ಳಿ. ಪೈಥಾನ್ ಕೈಗೆ ಹತ್ತಲಿ, ಟ್ರೇಡಿಂಗ್ ಕಡೆ ಹೋಗೋದಾದರೆ ಸಿ ಪ್ಲಸ್ ಪ್ಲಸ್ ಕೂಡ. ದಾಳ, ನಾಣ್ಯದ ಲೆಕ್ಕಗಳನ್ನು ದಿನಕ್ಕೊಂದು ಬಾಯಲ್ಲೇ ಬಿಡಿಸಿ. ಗಣಿತದಲ್ಲೇ ಮುಂದೆ ಓದುವ ಆಸೆ ಇದ್ದರೆ ಐಎಸ್‌ಐ, ಚೆನ್ನೈನ ಸಿಎಂಐ ಪ್ರವೇಶ ಪರೀಕ್ಷೆ ನೋಡಿ. ಸೂತ್ರ ಗೊತ್ತಿದೆ ಅನ್ನುವ ಸೊಕ್ಕು ಮಾತ್ರ ಬೇಡ. ಶೋಲ್ಸ್ ಮತ್ತು ಮರ್ಟನ್‌ಗೆ 1997ರಲ್ಲಿ ನೊಬೆಲ್ ಬಂತು. ಅವರು ಪಾಲುದಾರರಾಗಿದ್ದ ಫಂಡು 1998ರಲ್ಲಿ ಮುಳುಗಿ, ಬೇರೆ ಬ್ಯಾಂಕುಗಳು ಸೇರಿ ಎತ್ತಬೇಕಾಯಿತು. ಇನ್ನೊಂದು: ಕಲಿತದ್ದನ್ನು ನಿಮ್ಮ ಮನೆ ಮಾತಿನಲ್ಲಿ ಹೇಳೋಕೆ ಬರ್ತದಾ ನೋಡ್ಕೊಳ್ಳಿ. ಆ ದಿನ ಫೋನಿನಲ್ಲಿ ‘ಅಣ್ಣಾ, ಅದು ಮಂಜುಗಡ್ಡಿ ಇದ್ದಂಗ’ ಅಂತ ಒಂದು ಮಾತು ಹೇಳಲು ಅರ್ಧ ನಿಮಿಷ ಸಾಕಿತ್ತು.

2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಕುಸಿಯಿತು ಅಂತ ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದ ಸುದ್ದಿ ನೀವೂ ನೋಡಿರಬಹುದು. ಆ ವರ್ಷ ಸೊಸೈಟಿ ಸಾಲವನ್ನು ನನ್ನ ಸಂಬಳದಿಂದ ತುಂಬಿದೆವು. ಅಪ್ಪ ಜೀವನದಲ್ಲಿ ಮೊದಲ ಸಲ “ಈ ರೇಟಿಗೆ ಕೊಡಾಂಗಿಲ್ಲ” ಅಂದು ಹನ್ನೆರಡು ಚೀಲ ಕೋಲ್ಡ್ ಸ್ಟೋರೇಜಿನಲ್ಲಿಟ್ಟರು.

ಏಳು ತಿಂಗಳು ಕಾದು ಮಾರಿದರು. ಬಾಡಿಗೆ ಕಳೆದರೆ ಮಾರ್ಚ್‌ನ ದರಕ್ಕಿಂತ ಕಮ್ಮಿಯೇ ಬಂತು. ದಾಳ ಎರಡನೇ ಸಲವೂ ಒಂದೇ ಬೀಳಬಹುದು, 4.25 ಬರೀ ಸರಾಸರಿ ಅಂತ ನಾನು ಫೋನಿನಲ್ಲಿ ಸಮಾಧಾನ ಹೇಳಲು ಶುರು ಮಾಡಿದೆ.

“ಇರ್ಲಿ ಬಿಡೋ” ಅಂದರು ಅಪ್ಪ. “ಈ ಸಲ ನಾನ ಮಾರೇನಿ. ಸಾಲ ಮಾರಸ್ಲಿಲ್ಲ.”