ಕೀಮೋ ಮುಗಿದ ಮೇಲೆ ನಮ್ಮ ಮಕ್ಕಳು ಎಲ್ಲಿ ನಡೀಬೇಕು?

ಉದ್ದದ ಬರಹ ಇದು, ಬಿಡುವಾದಾಗ ಓದಿ.

ಕ್ಯಾನ್ಸರ್ ಬಗ್ಗೆ ನಮ್ಮ ವಲಯದಲ್ಲಿ ಮಾತು ಬರೋದು ಎರಡೇ ಸಲ. ಆಸ್ಪತ್ರೆಗೆ ದುಡ್ಡು ಒಟ್ಟು ಮಾಡುವಾಗ ಒಂದ್ಸಲ, ಮಣ್ಣಿಗೆ ಹೋಗುವಾಗ ಇನ್ನೊಂದ್ಸಲ. ಬದುಕಿ ಮನೆಗೆ ವಾಪಸ್ ಬಂದವರನ್ನ ಯಾರೂ ಕೇಳಲ್ಲ. ‘ವಾಸಿಯಾಯ್ತಂತಲ್ಲ, ಬಿಡು’ ಅಂದು ಮುಂದಿನ ಹೋರಾಟಕ್ಕೆ ಹೋಗ್ತೀವಿ. ಆ ಹುಡುಗ ಮೆಟ್ಟಿಲು ಹತ್ತುತ್ತಾನಾ, ಆ ಹುಡುಗಿ ಶೌಚಕ್ಕೆ ಕೂತ್ರೆ ಯಾರ ಕೈಯೂ ಹಿಡೀದೆ ಎದ್ದು ನಿಲ್ಲುತ್ತಾಳಾ, ಇದು ಯಾವ ಮನವಿ ಪತ್ರದಲ್ಲೂ ಬಂದದ್ದು ನಾನು ನೋಡಿಲ್ಲ.

ನಮ್ಮಕ್ಕನ ಮಗನಿಗೆ 16ನೇ ವಯಸ್ಸಿಗೆ ರಕ್ತದ ಕ್ಯಾನ್ಸರ್ ಬಂತು. ಲ್ಯುಕೇಮಿಯಾದಲ್ಲಿ ಎಎಲ್‌ಎಲ್ ಅಂತಾರಲ್ಲ, ಅದು. ಮೊದಲ ಕೆಲವು ತಿಂಗಳು ಜೋರು ಕೀಮೋ, ಆಮೇಲೆ ಮಾತ್ರೆ, ಒಟ್ಟು ಎರಡೂವರೆ ವರ್ಷ. ಬಿಪಿಎಲ್ ಕಾರ್ಡಿನ ಮೇಲೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ. ಅದಿಲ್ಲದೇ ಇದ್ದಿದ್ರೆ ಅವನು ಇವತ್ತು ಇರ್ತಿರಲಿಲ್ಲ. ಅದನ್ನ ಹೇಳಲೇಬೇಕು, ಯೋಜನೆ ಯಾರದೇ ಆಗಿರಲಿ.

ಜೋರು ಕೀಮೋ ಮುಗಿಸಿ ಊರಿಗೆ ಬಂದಾಗ ಅವನ ಚಪ್ಪಲಿ ಕಾಲಿಂದ ಜಾರಿ ಬೀಳ್ತಿತ್ತು. ಬಿದ್ದದ್ದು ಅವನಿಗೆ ಗೊತ್ತೇ ಆಗ್ತಿರಲಿಲ್ಲ. ಹತ್ತು ಹೆಜ್ಜೆ ಮುಂದೆ ಹೋದ್ಮೇಲೆ ನೆಲ ಬಿಸಿ ಅನ್ನಿಸಿ, ‘ಮಾವ, ನನ್ ಚಪ್ಪಲಿ ಎಲ್ ಬಿತ್ತು ನೋಡು’ ಅನ್ನೋನು. ನಡೆಯುವಾಗ ಪಾದದ ಮುಂಭಾಗ ಎತ್ತಕ್ಕಾಗದೆ ನೆಲಕ್ಕೆ ಒರೆಸಿಕೊಂಡು ಬರ್ತಿತ್ತು. ಕೂತಲ್ಲಿಂದ ಏಳೋಕೆ ತೊಡೇಲಿ ಶಕ್ತಿ ಇಲ್ಲ, ಮಂಡಿ ಮೇಲೆ ಎರಡೂ ಕೈ ಊರಿ ಮುದುಕರ ಥರ ಏಳಬೇಕು. ಕಬಡ್ಡೀಲಿ ರೈಡ್ ಹೋಗ್ತಿದ್ದ ಹುಡುಗ ಸ್ವಾಮಿ ಅವನು.

ಇದು ಹಣೆಬರಹ ಅಲ್ಲ, ದೆವ್ವವೂ ಅಲ್ಲ. ವಿಂಕ್ರಿಸ್ಟಿನ್ ಅನ್ನೋ ಔಷಧಿ ಕ್ಯಾನ್ಸರ್ ಕೋಶವನ್ನ ಕೊಲ್ಲೋ ಜೊತೆಗೆ ಕೈಕಾಲಿನ ನರಕ್ಕೂ ಪೆಟ್ಟು ಕೊಡುತ್ತೆ. (ನಮ್ಮ ಬೇಲಿ ಸಾಲಲ್ಲಿ ಬೆಳೆಯೋ ನಿತ್ಯಪುಷ್ಪ ಗಿಡದಿಂದಲೇ ಆ ಔಷಧಿ ಬಂದಿದ್ದು. ಹಾಗಂತ ಎಲೆ ಕುದಿಸಿ ಯಾರಿಗೂ ಕುಡಿಸಬೇಡಿ, ಅದು ವಿಷ.) ಸ್ಟೀರಾಯ್ಡ್ ತೊಡೆ, ಸೊಂಟದ ಸ್ನಾಯುಗಳನ್ನ ಕರಗಿಸುತ್ತೆ, ಮೂಳೆ ಸಡಿಲ ಮಾಡುತ್ತೆ. ಕೆಲವರಿಗೆ ಸೊಂಟದ ಕೀಲಿನ ಮೂಳೆಗೆ ರಕ್ತ ಹೋಗೋದೇ ನಿಂತುಹೋಗುತ್ತೆ. ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಹೃದಯಕ್ಕೆ ತೊಂದರೆ ಕೊಡಬಹುದು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೂ. ಇದರ ಮೇಲೆ ತಿಂಗಳುಗಟ್ಟಲೆ ಹಾಸಿಗೇಲಿ ಮಲಗಿದ್ದರ ನಷ್ಟ ಬೇರೆ.

ಡಾಕ್ಟರುಗಳಿಗೆ ಇದೆಲ್ಲ ಗೊತ್ತು. ಆದರೆ ಡಿಸ್ಚಾರ್ಜ್ ಆಗುವಾಗ ಕೊಟ್ಟ ಮೂರು ಹಾಳೆಯ ಇಂಗ್ಲಿಷ್ ಕಾಗದದಲ್ಲಿ ಫಿಸಿಯೋಥೆರಪಿ ಅನ್ನೋ ಪದ ಇರಲಿಲ್ಲ. ಬಾಯಲ್ಲಿ ಹೇಳಿದ್ದು ಎರಡು ಮಾತು: ಚೆನ್ನಾಗಿ ರೆಸ್ಟ್ ಮಾಡ್ಸಿ, ಭಾರ ಎತ್ತಿಸಬೇಡಿ.

ಈ ಎರಡು ಮಾತು ನಮ್ಮ ಕೇರಿಗೆ ಬಂದಾಗ ಏನಾಗುತ್ತೆ ಅಂತ ಸ್ವಲ್ಪ ಯೋಚನೆ ಮಾಡಿ. ನಮ್ಮಲ್ಲಿ ದೇಹಕ್ಕೆ ಇರೋದು ಎರಡೇ ಸ್ಥಿತಿ, ಕೂಲಿಗೆ ಹೋಗೋದು ಅಥವಾ ಮಲಗೋದು. ನಡುವೆ ಇನ್ನೊಂದಿದೆ, ದೇಹವನ್ನ ಯಾರ ಕೆಲಸಕ್ಕೂ ಅಲ್ಲದೆ ಅದರದೇ ಸಲುವಾಗಿ ದುಡಿಸೋದು, ಅನ್ನೋದು ನಮ್ಮ ಅನುಭವಕ್ಕೆ ಬಂದಿಲ್ಲ. ‘ಹೊಲ ಗದ್ದೇಲಿ ದುಡಿಯೋರಿಗೆ ಯಾಕೆ ವ್ಯಾಯಾಮ’ ಅಂತ ಮೇಲಿನವರೂ ಅಂತಾರೆ, ನಮ್ಮವರೂ ಅಂತಾರೆ. ಕೂಲಿ ವ್ಯಾಯಾಮ ಅಲ್ಲ. ವ್ಯಾಯಾಮದಲ್ಲಿ ಎಷ್ಟು ಎತ್ತಬೇಕು, ಯಾವಾಗ ನಿಲ್ಲಿಸಬೇಕು ಅನ್ನೋದು ಎತ್ತೋನ ಕೈಲಿರುತ್ತೆ. ಕೂಲೀಲಿ ಅದು ಮೇಸ್ತ್ರಿ ಕೈಲಿ. ಸಿಮೆಂಟ್ ಮೂಟೆ ಐವತ್ತು ಕೆಜಿ, ಅದು ನಲವತ್ತೊಂಬತ್ತಕ್ಕೆ ಇಳಿಯಲ್ಲ. ‘ಭಾರ ಎತ್ತಬೇಡ’ ಅನ್ನೋದು ಕುರ್ಚಿ ಮೇಲೆ ಕೂತು ಸಂಬಳ ತಗೊಳ್ಳೋ ಮನೆಯ ಹುಡುಗನಿಗೆ ಬರೀ ಸಲಹೆ. ಗಾರೆ ಕೆಲಸದವನ ಮಗನಿಗೆ ಅದು ‘ನಿನಗಿನ್ನು ಅನ್ನ ಇಲ್ಲ’ ಅಂದಂಗೆ. ಹಾಗಾಗಿ ಏನಾಗುತ್ತೆ ಅಂದ್ರೆ ಹುಡುಗ ವರ್ಷ ಮಲಗ್ತಾನೆ, ಆಮೇಲೆ ಒಂದಿನ ಸಾಲಗಾರರ ಕಾಟಕ್ಕೆ ನೇರವಾಗಿ ಕಾಂಕ್ರೀಟ್ ಬಾಂಡ್ಲಿ ಹೊರಕ್ಕೆ ಹೋಗ್ತಾನೆ. ಕರಗಿಹೋದ ತೊಡೆ, ಸಡಿಲಾದ ಮೂಳೆ, ಪರೀಕ್ಷೆ ಮಾಡಿಸದ ಹೃದಯ ಇಟ್ಕೊಂಡು.

ಯುವರಾಜ್ ಸಿಂಗ್ 2012ರ ಮೊದಲ ತಿಂಗಳುಗಳಲ್ಲಿ ಅಮೆರಿಕದಲ್ಲಿ ಕೀಮೋ ತಗೊಂಡು ಅದೇ ವರ್ಷ ಸೆಪ್ಟೆಂಬರಲ್ಲಿ ಭಾರತದ ಪರ ಮತ್ತೆ ಆಡಿದರು. ನಮ್ಮ ಹುಡುಗರಿಗೂ ಆ ಕತೆ ಇಷ್ಟ. ಅವರ ಛಲದ ಬಗ್ಗೆ ನನಗೆ ಗೌರವ ಇದೆ. ಆದರೆ ಛಲ ನಮ್ಮ ಹುಡುಗನಲ್ಲೂ ಇತ್ತು. ಇಲ್ಲದ್ದು ಇವತ್ತು ಎಷ್ಟು, ನಾಳೆ ಎಷ್ಟು ಅಂತ ಪಕ್ಕದಲ್ಲಿ ನಿಂತು ಹೇಳೋ ಒಬ್ಬ ಮನುಷ್ಯ.

ಆ ಮನುಷ್ಯ ನಮಗೆ ಸಿಕ್ಕಿದ್ದು ಜಿಲ್ಲಾ ಕೇಂದ್ರದಲ್ಲಿ, ಒಬ್ಬರು ಫಿಸಿಯೋಥೆರಪಿ ಮೇಡಂ. ವಾರಕ್ಕೊಂದು ದಿನ ನಲವತ್ತು ಕಿಲೋಮೀಟರ್. ಶಕ್ತಿ ಯೋಜನೆ ಇರೋದ್ರಿಂದ ಅಕ್ಕನಿಗೆ ಟಿಕೆಟ್ ಇಲ್ಲ, ಹುಡುಗನಿಗೆ ಇದೆ, ಆ ದಿನದ ಕೂಲಿ ಅಂತೂ ಹೋಯ್ತು. ಊರಲ್ಲಿ ಇವನಿಗೆ ನೀರು ಕೊಟ್ರೆ ಲೋಟ ಮುಟ್ಟಿಸದೆ ಮೇಲಿಂದ ಹುಯ್ಯೋ ಮನೆಗಳು ಇವತ್ತಿಗೂ ಇವೆ. ಆಯಮ್ಮ ಇವನ ಪಾದ ತನ್ನ ತೊಡೆ ಮೇಲಿಟ್ಕೊಂಡು ಒಂದೊಂದೇ ಬೆರಳು ಮಡಚಿ ನೋಡಿದ್ರು. ಅಕ್ಕ ಗಾಬರಿಯಾಗಿ ‘ಅಯ್ಯೋ ಬ್ಯಾಡಿ ಮೇಡಂ’ ಅಂತ ಕಾಲು ಎಳೆಯಕ್ಕೆ ಹೋದಳು.

ಅವರು ಹೇಳಿಕೊಟ್ಟದ್ದರಲ್ಲಿ ದುಡ್ಡಿನ ಸಾಮಾನು ಒಂದೇ, ಪಾದ ಜೋಲದ ಹಾಗೆ ಹಿಡಿಯೋ ಪ್ಲಾಸ್ಟಿಕ್ ಸ್ಪ್ಲಿಂಟ್. ಉಳಿದದ್ದು ಟವೆಲ್ಲು, ಕುರ್ಚಿ, ಗೋಡೆ. ಕಾಲು ಚಾಚಿ ಕೂತು ಪಾದಕ್ಕೆ ಟವೆಲ್ ಸುತ್ತಿ ತನ್ನ ಕಡೆ ಎಳ್ಕೊಳ್ಳೋದು. ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು, ಮೊದಲ ವಾರ ಐದು ಸಲ, ಆಮೇಲೆ ಹತ್ತು. ಗೋಡೆಗೆ ಎರಡು ಕೈ ಇಟ್ಟು ದಂಡೆ ಹೊಡೆದಂಗೆ ಮಾಡೋದು. ಗೋಡೆ ಹಿಡ್ಕೊಂಡು ಹಿಮ್ಮಡಿ ಮೇಲೆ ನಡೆಯೋದು. ಆಮೇಲೆ ನಡಿಗೆ: ಮಾತಾಡಕ್ಕೆ ಆಗಬೇಕು, ಹಾಡು ಹೇಳಕ್ಕೆ ಆಗಬಾರದು, ಅಷ್ಟು ವೇಗ.

ಬೇಡ ಅಂದದ್ದನ್ನೂ ಬರೀತೀನಿ, ಯಾರಿಗಾದ್ರೂ ಬೇಕಾಗುತ್ತೆ. ಜ್ವರ ಇದ್ದ ದಿನ ಏನೂ ಬೇಡ, ಆಸ್ಪತ್ರೆಗೆ ಫೋನ್ ಮಾಡಿ. ಪ್ಲೇಟ್‌ಲೆಟ್ ಕಮ್ಮಿ ಇದ್ದಾಗ ಬೀಳೋ, ಗುದ್ದಾಡೋ ಆಟ ಬೇಡ, ಅಂದ್ರೆ ಕಬಡ್ಡಿ ಬೇಡ. ತೊಡೆಸಂದು ಅಥವಾ ಮಂಡಿ ನೋವು ಬಂದು ಕುಂಟೋ ಹಾಗಾದ್ರೆ ‘ವ್ಯಾಯಾಮದ ನೋವು’ ಅಂತ ಸುಮ್ಮನಿರಬೇಡಿ, ತೋರಿಸಿ. ಜೋರು ಭಾರ ಶುರು ಮಾಡೋ ಮುಂಚೆ ಹೃದಯದ ಎಕೋ ಆಗಿದೆಯಾ ಕೇಳಿ. ಸ್ಪರ್ಶ ಇಲ್ಲದ ಪಾದಕ್ಕೆ ಗಾಯ ಆದ್ರೂ ತಿಳಿಯಲ್ಲ, ರಾತ್ರಿ ಮಲಗೋ ಮುಂಚೆ ಪಾದ ನೋಡಿ.

ಇದು ಆಯಮ್ಮ ಒಬ್ಬರ ಐಡಿಯಾ ಅಲ್ಲ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸೇರಿಸಿದ ಹಲವು ದೇಶಗಳ ತಜ್ಞರು 2019ರಲ್ಲೇ ಹೇಳಿದ್ದಾರೆ: ಕ್ಯಾನ್ಸರಿನವರ ಸುಸ್ತಿಗೆ ವಾರಕ್ಕೆ ಮೂರು ದಿನ, ದಿನಕ್ಕೆ 30 ನಿಮಿಷ ನಡಿಗೆಯಂಥ ವ್ಯಾಯಾಮ, ಜೊತೆಗೆ ವಾರಕ್ಕೆರಡು ದಿನ ಸ್ನಾಯು ಬಲಪಡಿಸೋ ವ್ಯಾಯಾಮ ಕೆಲಸ ಮಾಡುತ್ತೆ. ಮಕ್ಕಳು, ಹದಿಹರೆಯದವರಿಗೆ ಅಂತಲೇ 2021ರಲ್ಲಿ ಬೇರೆ ಮಾರ್ಗಸೂಚಿ ಬಂತು, ಚಿಕಿತ್ಸೆ ನಡೀತಿರುವಾಗಲೂ ಮೈ ಆಡಿಸೋದು ಒಳ್ಳೇದು ಅಂತ. ಆ ಸುಸ್ತು ಮಲಗಿದ್ರೆ ಹೋಗಲ್ಲ, ಇದನ್ನ ಅಕ್ಕನಿಗೆ ಒಪ್ಪಿಸೋಕೆ ನನಗೆ ಎರಡು ತಿಂಗಳು ಹಿಡೀತು. ‘ಸತ್ತು ಬದುಕಿ ಬಂದೈತೆ ಮಗ, ಯಾಕ್ಲಾ ಗೋಳು ಹುಯ್ಕೊಳ್ತೀಯ’ ಅಂತ ಬೈಯೋಳು.

ಈಗ ಮುಖ್ಯ ವಿಷಯ. ದಿನಕ್ಕೆ ಅರ್ಧ ಗಂಟೆ ನಡೆಸಿ ಅಂದ್ರು. ಎಲ್ಲಿ?

ನಮ್ಮ ಕೇರಿಯ ಓಣಿ ಆರಡಿ ಅಗಲ, ಪಕ್ಕದಲ್ಲಿ ತೆರೆದ ಚರಂಡಿ, ಚಪ್ಪಡಿ ಒಂದು ಇದ್ರೆ ಒಂದಿಲ್ಲ. ಪಾದ ಎತ್ತಕ್ಕಾಗದ ಹುಡುಗ ಅಲ್ಲಿ ನಡೆದ್ರೆ ಮೂಳೆ ಮುರ್ಕೋತಾನೆ. ಚೆನ್ನಾಗಿರೋ ಸಿಸಿ ರಸ್ತೆ ಇರೋದು ದೇವಸ್ಥಾನದ ಬೀದೀಲಿ. ಪೇಶ್ವೆಗಳ ಕಾಲದ ಬೀದಿಗಳ ಬಗ್ಗೆ ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಬರೆದದ್ದನ್ನ ನಿಮಗೆ ನಾನು ಹೇಳಬೇಕಾಗಿಲ್ಲ. ಈಗ ಯಾರೂ ತಡೆಯಲ್ಲ. ಮೂರನೇ ದಿನ ಜಗಲಿ ಮೇಲಿಂದ ‘ಏನ್ಲಾ, ಕೂಲಿಗೆ ಹೋಗದ್ ಬಿಟ್ಟು ವಾಕಿಂಗು’ ಅಂತ ಒಂದು ನಗು ಬಂತು, ಅಷ್ಟೇ. ತಲೆಕೂದಲಿಲ್ಲದ 17ರ ಹುಡುಗನಿಗೆ ಅಷ್ಟು ಸಾಕಾಯ್ತು, ನಾಲ್ಕನೇ ದಿನ ಹೋಗಲ್ಲ ಅಂದ.

ಉಳಿದಿದ್ದು ಹೈಸ್ಕೂಲ್ ಗ್ರೌಂಡ್, ಅದರ ಗೇಟಿಗೆ ಬೀಗ. ಕಾರಣ ಕೇಳಿದ್ರೆ ‘ಹೊರಗಿನವರು ಬಂದು ಗಲೀಜು ಮಾಡ್ತಾರೆ’. ಹೊರಗಿನವರು ಯಾರು ಅಂತ ನಾನು ಬರವಣಿಗೇಲಿ ಕೇಳ್ದೆ. ಉತ್ತರ ಬರಲಿಲ್ಲ, ಕೀ ಬಂತು. ಕೀ ತಂದು ಕೊಟ್ಟವರು ಪಿಟಿ ಮೇಷ್ಟ್ರು. ಅವರೇ ಹಗ್ಗ ಹಿಡಿದು ಒಂದು ಸುತ್ತು 120 ಮೀಟರ್ ಅಂತ ಅಳೆದ್ರು. ಮೊದಲ ದಿನ ಆರು ನಿಮಿಷಕ್ಕೆ ಎರಡೂವರೆ ಸುತ್ತು. ನಾಲ್ಕನೇ ತಿಂಗಳಿಗೆ ನಾಲ್ಕು ಸುತ್ತು, ಚಪ್ಪಲಿ ಕಾಲಲ್ಲೇ ಇತ್ತು. ಸ್ಪ್ಲಿಂಟ್ ಬಿಟ್ಟದ್ದು ಅದಕ್ಕೂ ಆಮೇಲೆ.

ನಮ್ಮೊಳಗಿನ ಮಾತೂ ಒಂದು ಆಡಬೇಕು. ಕೇರಿಯಲ್ಲೇ ಅವನಿಗೆ ತಟ್ಟೆ ಬೇರೆ ಇಟ್ಟ ಮನೆ ಇತ್ತು, ಕ್ಯಾನ್ಸರ್ ಅಂಟುತ್ತೆ ಅಂತ. ಮುಟ್ಟಿಸಿಕೊಳ್ಳದ ನೋವು ತಿಂದವರೇ ಹೀಗೆ ಮಾಡಿದ್ರೆ ಯಾರಿಗೆ ಹೇಳೋಣ. ಕ್ಯಾನ್ಸರ್ ಅಂಟುರೋಗ ಅಲ್ಲ. ಹುಡುಗಿಯರ ಪಾಡು ಇನ್ನೂ ಕಷ್ಟ. ಪಕ್ಕದ ತಾಲೂಕಿನ ಒಬ್ಬಳಿಗೆ ಮಂಡಿ ಹತ್ತಿರ ಮೂಳೆ ಕ್ಯಾನ್ಸರ್, ತೊಡೆಯಿಂದ ಕೆಳಗೆ ಕಾಲು ತೆಗೆದ್ರು. ಕೃತಕ ಕಾಲು ಉಚಿತವಾಗಿ ಸಿಕ್ಕಿತು. ಅದನ್ನ ಹಾಕ್ಕೊಂಡು ನಡೆಯೋದು ವಾರಗಟ್ಟಲೆ ಕಲಿಯೋ ವಿದ್ಯೆ, ಕಲಿಸೋರಿಲ್ಲ. ನಾನು ಹೋದಾಗ ಆ ಕಾಲು ಗೋಧಿ ಮೂಟೆ ಹಿಂದೆ ನಿಂತಿತ್ತು, ಹುಡುಗಿ ತೆವಳ್ಕೊಂಡು ಬಂದು ಬಾಗಿಲು ತೆಗೆದಳು. ‘ಬಯಲಲ್ಲಿ ಹುಡುಗಿ ಎಕ್ಸರ್‌ಸೈಜ್ ಮಾಡಿದ್ರೆ ಜನ ಏನಂತಾರಣ್ಣ’ ಅಂದ್ರು ಅವರವ್ವ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಇವೆ, ಕ್ಯಾನ್ಸರ್ ಇಲ್ಲ. ಆದರೆ ಕ್ಯಾನ್ಸರಿಂದ ಕಾಲು ಹೋದವರು ಚಲನ ವೈಕಲ್ಯದಡಿ ಬರ್ತಾರೆ. ಶೇ 40 ದಾಟಿದ್ರೆ ಮೀಸಲಾತಿಗೂ ಅರ್ಹರು. ಆ ಹುಡುಗಿಗೆ ಯುಡಿಐಡಿ ಕಾರ್ಡ್ ಅರ್ಜಿ ಹಾಕಿಸಿದ್ದೀವಿ. ನಿಮ್ಮ ಊರಲ್ಲಿ ಇಂಥವರಿದ್ರೆ ಇವತ್ತೇ ಹಾಕಿಸಿ.

ದುಡ್ಡಿಲ್ಲ ಅನ್ನೋ ಮಾತು ಬೇಡ. 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ನಮ್ಮದು, ಹಣ ಬೇರೆ ಕಡೆ ತಿರುಗಿಸಕ್ಕೆ ದಾರಿಯಾಗಿದ್ದ 7ಡಿ ಕಲಂ ತೆಗೆಸಕ್ಕೆ 2023ರವರೆಗೆ ಬಡಿದಾಡಿದ್ವಿ. ಆ ಹಣದಲ್ಲಿ ತಾಲೂಕು ಆಸ್ಪತ್ರೆಗೊಬ್ಬ ಫಿಸಿಯೋಥೆರಪಿಸ್ಟ್, ಹೋಗಿಬರೋ ದಿನದ ಕೂಲಿ ನಷ್ಟ, ಕ್ಯಾನ್ಸರ್ ಮುಗಿಸಿ ಬಂದ ಮಕ್ಕಳಿಗೆ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲಲ್ಲಿ ನೆಲಮಹಡಿ ಕೋಣೆ, ದಿನಾ ಮೊಟ್ಟೆ, ಇಷ್ಟು ಕೇಳಿದ್ರೆ ಜಾಸ್ತಿ ಆಗುತ್ತಾ? ಡಿಸ್ಚಾರ್ಜ್ ಕಾಗದದ ಜೊತೆ ಒಂದು ಹಾಳೆ ಕನ್ನಡದಲ್ಲಿ, ಚಿತ್ರ ಹಾಕಿ, ಏನು ಮಾಡಬೇಕು ಏನು ಬೇಡ ಅಂತ ಕೊಡಕ್ಕೆ ಯಾವ ಬಜೆಟ್ಟೂ ಬೇಕಾಗಿಲ್ಲ.

ಮನವಿಯ ಕರಡು ಸಿದ್ಧ ಇದೆ. ವಕೀಲ ಗೆಳೆಯರು, ಫಿಸಿಯೋಥೆರಪಿ ಓದ್ತಿರೋ ನಮ್ಮ ಹುಡುಗ ಹುಡುಗೀರು ಇನ್‌ಬಾಕ್ಸಿಗೆ ಬನ್ನಿ, ತಿದ್ದೋದಿದೆ. ಚಿತ್ರ ಬರೆಯೋರೊಬ್ಬರು ಬೇಕು. ಹುಡುಗ ಈಗ ಐಟಿಐ ಎಲೆಕ್ಟ್ರಿಷಿಯನ್ ಓದ್ತಿದ್ದಾನೆ, ಟವೆಲ್ ವ್ಯಾಯಾಮ ಹೇಗೆ ಅಂತ ಕೇಳೋರಿಗೆ ತಾನೇ ಫೋನಲ್ಲಿ ಹೇಳ್ತೀನಿ ಅಂದಿದ್ದಾನೆ, ಸಂಜೆ ಆರರ ಮೇಲೆ.